ಆರುನೂರು ತಟ್ಟೆಗಳ ಮೇಲಿನ ಓಡಿ

ನಮ್ಮ ಕಡೆ ಬ್ಯಾಂಕಿನಲ್ಲಿ ಸಾಲ ಇದೆ ಎಂದು ಹೇಳುವವರು ಧ್ವನಿ ತಗ್ಗಿಸುತ್ತಾರೆ. ಓಡಿ, ಅಂದರೆ ಓವರ್‌ಡ್ರಾಫ್ಟ್, ಇದೆ ಎಂದು ಹೇಳುವವರು ಕಾಲಿನ ಮೇಲೆ ಕಾಲು ಹಾಕಿಕೊಳ್ಳುತ್ತಾರೆ. ಎರಡೂ ಬ್ಯಾಂಕಿನ ದುಡ್ಡೇ, ಎರಡಕ್ಕೂ ಬಡ್ಡಿ ಬೀಳುತ್ತದೆ. ಆದರೆ ಸಾಲವನ್ನು ನಾವಾಗಿ ಹೋಗಿ, ಕೈಕಟ್ಟಿ ನಿಂತು ಮಾಡಬೇಕು. ಓಡಿ ಹಾಗಲ್ಲ, ಹಿತ್ತಲಲ್ಲಿ ಬಾವಿ ಇದ್ದ ಹಾಗೆ ತನ್ನಷ್ಟಕ್ಕೆ ಇರುತ್ತದೆ. ಅಂಗಡಿಯ ಸರಕನ್ನು ಆಧಾರವಾಗಿ ತೋರಿಸಿದರೆ, ಇಷ್ಟು ಲಕ್ಷದವರೆಗೆ ಬೇಕಾದಾಗ ತೆಗೆದುಕೋ, ಕೈಗೆ ಬಂದಾಗ ಕಟ್ಟು ಎಂದು ಬ್ಯಾಂಕು ಹೇಳುತ್ತದೆ. ನನಗೆ ಐದು ಲಕ್ಷದ ಓಡಿ ಇತ್ತು. ಹದಿಮೂರು ವರ್ಷ ಇತ್ತು. ಅದರಲ್ಲಿ ನಾಲ್ಕು ಲಕ್ಷ ಎಂಬತ್ತು ಸಾವಿರವನ್ನು ನಾನು ತೆಗೆದು ಖರ್ಚು ಮಾಡಿ ಬಹಳ ಕಾಲವಾಗಿದ್ದರೂ ಯಾರಾದರೂ ಕೇಳಿದರೆ ಐದು ಲಕ್ಷ ಇದೆ ಎಂದೇ ಹೇಳುತ್ತಿದ್ದೆ. ಎಲ್ಲಿದೆ ಎಂದು ಯಾರೂ ಕೇಳಿರಲಿಲ್ಲ.

ರಿಪ್ಪನ್‌ಪೇಟೆಯಲ್ಲಿ ನನ್ನದು ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ನಾವು ಜೈನರು, ಸೂರ್ಯ ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಹಾಗಾಗಿ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲೂಕುಗಳ ರಿಸೆಪ್ಷನ್ ಊಟಗಳಿಗೆ ಪಾತ್ರೆ ಕಳಿಸಿಯೂ ಅಲ್ಲಿ ಒಂದು ಜಿಲೇಬಿ ಬಾಯಿಗಿಟ್ಟವನಲ್ಲ. ಈ ತ್ಯಾಗಕ್ಕೆ ಬಡ್ಡಿಯಲ್ಲಿ ರಿಯಾಯಿತಿ ಸಿಗುವುದಿಲ್ಲ. ನಮ್ಮ ವ್ಯಾಪಾರ ಮದುವೆಯ ತಿಂಗಳುಗಳಲ್ಲಿ. ಮಳೆ ಹಿಡಿದು ಆಷಾಢ ಬಂತೆಂದರೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆಗ ಮನೆ ನಡೆಯುತ್ತಿದ್ದದ್ದು ಓಡಿಯಿಂದ. ಅದಕ್ಕೆ ಪ್ರತಿಯಾಗಿ ಬ್ಯಾಂಕು ಕೇಳುತ್ತಿದ್ದದ್ದು ಒಂದೇ, ಅಂಗಡಿಯಲ್ಲಿರುವ ಸರಕಿನ ಪಟ್ಟಿ. ಆರುನೂರು ಊಟದ ತಟ್ಟೆ, ಆರುನೂರು ಲೋಟ, ಮುನ್ನೂರು ಕುರ್ಚಿ, ಹದಿನಾಲ್ಕು ಹಂಡೆ, ಹೀಗೆ. ಮೊದಲ ಸಲ ನಾನು ಎಣಿಸಿಯೇ ಬರೆದಿದ್ದೆ. ಆಮೇಲೆ ಪ್ರತಿ ಸಲವೂ ಅದನ್ನೇ ಜೆರಾಕ್ಸ್ ಮಾಡಿಸಿ ತಾರೀಕು ಮಾತ್ರ ತಿದ್ದಿ ಕೊಡುತ್ತಿದ್ದೆ. ಈ ಹದಿಮೂರು ವರ್ಷಗಳಲ್ಲಿ ಊರಿನಲ್ಲಿ ಏನೇನೋ ಆಗಿಹೋಯಿತು. ನನ್ನ ಪಟ್ಟಿಯಲ್ಲಿ ಒಂದು ಸೌಟೂ ಕಳೆಯಲಿಲ್ಲ.

ಹಳೆಯ ಮ್ಯಾನೇಜರುಗಳು ಅದನ್ನು ನೋಡದೆ ಸಹಿ ಹಾಕುತ್ತಿದ್ದರು. ಅವರ ಮೇಲೆ ನನಗೆ ಈಗಲೂ ಗೌರವವಿದೆ. ಈ ವರ್ಷ ಬಂದ ಮ್ಯಾನೇಜರ್ ಮೇಡಂ ವಿಜಯಪುರದ ಕಡೆಯವರು. ಪಟ್ಟಿಯನ್ನು ಹಿಂದಿನ ಪಟ್ಟಿಗಳ ಪಕ್ಕ ಇಟ್ಟು ನೋಡಿ, ನನ್ನನ್ನು ಕೂರಿಸಿಕೊಂಡು ಕೇಳಿದರು: "ಇಷ್ಟು ವರ್ಷದಾಗ ಒಂದ್ ಲೋಟಾನೂ ಕಳದಿಲ್ಲೇನ್ರಿ ನಿಮ್ದು?"

"ಇಲ್ಲ ಮೇಡಂ."

"ನಮ್ಮ ಮನ್ಯಾಗ ಆರು ಚಮಚ ತಂದ್ರ ವರ್ಷದಾಗ ನಾಕು ಉಳಿತಾವ್ರಿ."

ಒಂದು ವಾರದಲ್ಲಿ ಕಾಗದ ಬಂತು. ನನ್ನ ಹೆಂಡತಿ ತ್ರಿಶಲಾ ಬಿ.ಕಾಂ. ಮಾಡಿದವಳು, ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದಗಳ ಖಾತೆ ಅವಳದು. ಅವಳು ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು ಹೇಳಿದಳು: "ಓಡಿ ವಾಪಸ್ ತಗೊಳ್ತಾರಂತೆ. ಬರೋ ಗುರುವಾರ ಮೇಡಂ ಸಾಮಾನು ಎಣಿಸೋಕೆ ಬರ್ತಾರೆ. ಪಟ್ಟೀಲಿರೋದು ಇದ್ರೆ ಮುಂದುವರಿಸೋದು ಯೋಚನೆ ಮಾಡ್ತಾರಂತೆ. ಇಲ್ಲದಿದ್ರೆ ಅಷ್ಟೂ ದುಡ್ಡು ಒಂದೇ ಸಲ ಕಟ್ಬೇಕು." ಅಷ್ಟು ದುಡ್ಡು ಒಟ್ಟಿಗೆ ಹೊಂದಿಸಬೇಕೆಂದರೆ ಅಂಗಡಿಯನ್ನೇ ಮಾರಬೇಕು. ಆಷಾಢಕ್ಕೆ ಇನ್ನೂ ಮೂರು ವಾರವಿತ್ತು. ನನಗೆ ನಿಜಕ್ಕೂ ಭಯವಾಯಿತು. ಗೋಡೌನಿಗೆ ಹೋಗಿ ಎಣಿಸಿದೆ. ತಟ್ಟೆ ನೂರಾ ಎಪ್ಪತ್ತು ಇದ್ದವು. ಮತ್ತೊಮ್ಮೆ ಎಣಿಸಿದಾಗ ನೂರಾ ಅರವತ್ತೆಂಟು ಆದ್ದರಿಂದ ಅಲ್ಲಿಗೇ ನಿಲ್ಲಿಸಿದೆ.

ಉಳಿದವೆಲ್ಲ ಎಲ್ಲಿ ಎಂದು ನೀವು ಕೇಳಬಹುದು. ಬಾಡಿಗೆಗೆ ಒಯ್ದವರ ಮನೆಗಳಲ್ಲಿದ್ದವು. ಹಾಗಾದರೆ ಕೇಳಿ ತರಬಾರದೇ ಎಂದರೆ, ನಮ್ಮ ಕಸುಬಿನಲ್ಲಿ ಕೇಳುವುದಕ್ಕೆ ಸರಿಯಾದ ಹೊತ್ತು ಎಂಬುದೇ ಇಲ್ಲ. ಮದುವೆಯ ಮಾರನೆಯ ದಿನ ಹೋದರೆ ಆ ಮನೆಯವರು ಮಗಳನ್ನು ಕಳಿಸಿದ ದುಃಖದಲ್ಲಿರುತ್ತಾರೆ. ಅವರೆದುರು ನಿಂತು ಹದಿನೆಂಟು ಲೋಟ ಕಡಿಮೆ ಇದೆ ಎನ್ನುವುದು ಹೇಗೆ? ತಿಥಿಯ ಮನೆಯಲ್ಲಂತೂ ಬಾಯಿ ಬಿಡುವ ಹಾಗೇ ಇಲ್ಲ. ಸ್ವಲ್ಪ ದಿನ ಹೋಗಲಿ ಎಂದು ಬಿಟ್ಟರೆ ಅಷ್ಟರಲ್ಲಿ ಅವರ ಮನೆಯಲ್ಲಿ ನಾಮಕರಣವಾಗುತ್ತದೆ. ಹೊಸನಗರದ ರಸ್ತೆಯಲ್ಲಿ ಒಬ್ಬರ ಬಚ್ಚಲಿನಲ್ಲಿ ನನ್ನ ತಾಮ್ರದ ಹಂಡೆ ನಾಲ್ಕು ವರ್ಷದಿಂದ ನೀರು ಕಾಯಿಸುತ್ತಿದೆ ಎಂದು ನನಗೆ ಗೊತ್ತಿತ್ತು. ಅವರ ಮನೆಗೆ ಹೋದಾಗ ಕಾಲು ತೊಳೆಯಲು ಬಿಸಿನೀರು ಕೊಟ್ಟರು. ನಾನು ತೊಳೆದುಕೊಂಡು ಬಂದೆ.

ಈಗ ಮಾತ್ರ ನಾಚಿಕೆ ಬಿಟ್ಟು, ಮಂಜಪ್ಪನ ಲಗೇಜ್ ಆಟೋ ಹತ್ತಿ ಮೂರು ದಿನ ತಿರುಗಿದೆ. ಬ್ಯಾಂಕಿನವರು ಎಣಿಸೋಕೆ ಬರ್ತಾರೆ ಎಂದು ಹೇಳುವುದೇ ತಡ, ಜನ ಮರುಮಾತಿಲ್ಲದೆ ಅಟ್ಟ ಹತ್ತಿದರು. ಮಲೆನಾಡಿನವರ ಉದಾರಬುದ್ಧಿಯನ್ನು ನಾನು ಅಲ್ಲಿಯವರೆಗೆ ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ಇಪ್ಪತ್ತು ತಟ್ಟೆ ಉಳಿಸಿಕೊಂಡವರು ಮೂವತ್ತೈದು ಕೊಟ್ಟರು. "ಇವು ನಮ್ದಂತೂ ಅಲ್ಲ ಅಜಿತಣ್ಣ, ನಿಮ್ದೇ ಇರ್ಬೇಕು," ಎಂದರು. ನಾನೂ ಇರಬೇಕು ಎಂದು ತುಂಬಿಸಿಕೊಂಡೆ. ಬುಧವಾರ ಸಂಜೆ ಎಣಿಸಿದರೆ ತಟ್ಟೆ ಏಳುನೂರಾ ನಲವತ್ತು. ಕಳೆದುಹೋಗುವ ಕಸುಬಿನಲ್ಲಿ ನನಗೆ ಒಬ್ಬನಿಗೇ ಹೆಚ್ಚಾಗಿತ್ತು. ಪಟ್ಟಿಗೆ ಸರಿಹೋಗಲೆಂದು ನೂರಾ ನಲವತ್ತನ್ನು ಹಿಂದಿನ ಕೋಣೆಯಲ್ಲಿಟ್ಟು ಬೀಗ ಹಾಕಿ, ನೆಮ್ಮದಿಯಿಂದ ಮಲಗಿದೆ.

ಗುರುವಾರ ಮೇಡಂ ಬಂದರು. ಎಣಿಸಲಿಲ್ಲ. ಮೇಲಿದ್ದ ಒಂದು ತಟ್ಟೆಯನ್ನು ತೆಗೆದು ಅದರ ಹಿಂಬದಿ ತಿರುಗಿಸಿ ನೋಡಿದರು. ನಮ್ಮಲ್ಲಿ ಪಾತ್ರೆ ಕೊಂಡರೆ ಅಂಗಡಿಯವನೇ ಗುಂಯ್‌ಗುಟ್ಟುವ ಸಣ್ಣ ಮಿಷನ್ನಿನಿಂದ ಅದರ ಮೇಲೆ ಹೆಸರು ಕೊರೆದು ಕೊಡುವುದು ವಾಡಿಕೆ. ನನ್ನ ಅಷ್ಟೂ ಪಾತ್ರೆಗಳ ಮೇಲೆ ನಾನೂ ಹೆಸರು ಕೊರೆಸಿದ್ದೆ. ಮೂರು ದಿನ ಮೂರು ತಾಲೂಕಿನಲ್ಲಿ ಪಾತ್ರೆ ಒಟ್ಟುಮಾಡಿದವನಿಗೆ ಒಂದನ್ನಾದರೂ ತಿರುಗಿಸಿ ನೋಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

"ಗಿರಿಜಮ್ಮ ಯಾರ್ರಿ?" ಎಂದರು ಮೇಡಂ.

ತ್ರಿಶಲಾ ಹೇಳಿದಳು: "ಬಟ್ಟೆಮಲ್ಲಪ್ಪ ಊರಿನವ್ರು. ತೀರ್ಕೊಂಡು ಒಂಬತ್ತು ವರ್ಷ ಆಯ್ತು."

ಮೇಡಂ ಮುಂದಿನದನ್ನು ತೆಗೆದರು. ಅದು ಲತಾ ಮತ್ತು ಪ್ರಕಾಶರ ಮದುವೆಯ ನೆನಪಿನ ಕಾಣಿಕೆ. "ಅವ್ರೀಗ ಒಟ್ಟಿಗಿಲ್ಲ," ಎಂದಳು ತ್ರಿಶಲಾ. ಅದರ ಕೆಳಗಿನ ನಲವತ್ತು ತಟ್ಟೆಗಳು ಒಂದು ಸರ್ಕಾರಿ ಶಾಲೆಯ ಬಿಸಿಯೂಟದವು. ಸರ್ಕಾರದ ಸೊತ್ತನ್ನು ಅಡವಿಟ್ಟು ಓಡಿ ತೆಗೆದ ಮೊದಲಿಗ ನಾನೇ ಇರಬೇಕು. ಅರ್ಧ ಗಂಟೆ ಮೇಡಂ ಹಾಜರಿ ಕರೆದ ಹಾಗೆ ಒಂದೊಂದೇ ಹೆಸರು ಓದಿದರು. ತ್ರಿಶಲಾ ಅವರ ಊರು, ಸಂಬಂಧ, ಕಾಯಿಲೆ ಹೇಳುತ್ತ ಹೋದಳು. ಬ್ಯಾಂಕಿನ ಕೆಲಸ ಮರೆತು ಇಬ್ಬರೂ ಕಥೆಯಲ್ಲಿ ಮುಳುಗಿದ್ದಾರೆ, ಹೀಗೇ ಹೊತ್ತು ಹೋಗಿಬಿಡಲಿ ಎಂದು ನಾನು ಕಾಫಿ ತರಿಸಿದೆ. ಮೇಡಂ ಕಾಫಿ ಕುಡಿದು, ಲೋಟವನ್ನೂ ತಿರುಗಿಸಿ ಓದಿ ಕೆಳಗಿಟ್ಟರು.

"ನಿಮ್ಮವು ಎಲ್ಲಿ ಅದಾವ್ರಿ?"

"ಊರಲ್ಲಿವೆ ಮೇಡಂ."

"ಓಡಿ ನಿಮ್ಮ ಸರಕಿನ ಮ್ಯಾಲ್ ಕೊಡಾದ್ರಿ. ಊರ ಸರಕಿನ ಮ್ಯಾಲ್ ಕೊಡಾಕ ಬರಂಗಿಲ್ಲ." ನನ್ನ ಮುಖ ನೋಡಿ, "ಹದಿನೈದು ದಿವ್ಸ ತಗೋರಿ. ನಿಮ್ಮ ಹೆಸರಿನವು ಎಷ್ಟು ಸಿಗ್ತಾವ ನೋಡ್ರಿ, ಅಷ್ಟರ ಮ್ಯಾಲ್ ವಿಚಾರ ಮಾಡೂಣು," ಎಂದು ಎದ್ದರು.

ಸುದ್ದಿ ಹಬ್ಬಿಸುವ ಕೆಲಸವನ್ನು ಮಂಜಪ್ಪನಿಗೆ ಬಿಟ್ಟೆವು. ಅದನ್ನು ಅವನು ನಾವು ಹೇಳುವುದಕ್ಕೆ ಮೊದಲೇ ಮುಗಿಸಿದ್ದ. ಕಳೆದ ಪಾತ್ರೆಗಳೆಲ್ಲ ಅಜಿತಣ್ಣನ ಗೋಡೌನಿನಲ್ಲಿವೆಯಂತೆ ಎಂದು ಜನ ಬರತೊಡಗಿದರು. ಬರುವಾಗ ತಮ್ಮಲ್ಲಿದ್ದ ನನ್ನವನ್ನು ತರಬೇಕೆಂಬ ಕರಾರು. ತ್ರಿಶಲಾ ಬಾಗಿಲಲ್ಲಿ ಪುಸ್ತಕ ಹಿಡಿದು ಕೂತಳು. ಶಾಲೆಯ ಹೆಡ್‌ಮಾಸ್ಟರು ನಲವತ್ತು ತಟ್ಟೆಗೆ ರಶೀದಿ ಬರೆದು ಕೊಟ್ಟರು. ಒಂದೇ ಕಾಫಿ ಫಿಲ್ಟರಿಗಾಗಿ ವಾರಗಿತ್ತಿಯರಿಬ್ಬರು ಮಾತು ಬಿಟ್ಟರು. ಬಚ್ಚಲಿನ ಹಂಡೆಯವರು ಹಂಡೆಯನ್ನು ತಾವೇ ಹೊತ್ತು ತಂದು, "ನಿಮ್ದೇ, ಹೆಸರು ನೋಡಿ," ಎಂದರು. ಹೆಸರು ನನ್ನದೇ ಇತ್ತು. ತಳದ ತೂತಿನ ಮೇಲೆ ಯಾರ ಹೆಸರೂ ಇರಲಿಲ್ಲ.

ಕಾದು ನಿಂತವರಿಗೆಲ್ಲ ನಾನು ಬ್ಯಾಂಕಿನ ಅನ್ಯಾಯವನ್ನು ವಿವರಿಸುತ್ತಿದ್ದೆ. "ಹದಿಮೂರು ವರ್ಷ ನನ್ನದೇ ಅಂತ ಬಳಸ್ಕೊಂಡು ಬಂದಿದ್ದು. ಹೀಗೆ ಏಕಾಏಕಿ ವಾಪಸ್ ಕೊಡು ಅಂದ್ರೆ ಮನುಷ್ಯ ಎಲ್ಲಿಗೆ ಹೋಗ್ಬೇಕು ಹೇಳಿ," ಎಂದು ಎದೆ ತುಂಬಿ ಹೇಳುತ್ತಿದ್ದಾಗ, ಬೆಂಚಿನ ಮೇಲೆ ಕೂತಿದ್ದ ಒಬ್ಬ ಅಜ್ಜಿ ಹೌದೌದು ಎಂದು ತಲೆಯಾಡಿಸಿದರು. ಮಾಸ್ತಿಕಟ್ಟೆಯಿಂದ ಬೆಳಗಿನ ಬಸ್ಸಿಗೆ ಬಂದವರು. ಹೆಸರು ಚಿನ್ನಮ್ಮ. ನನ್ನ ಹಂಡೆ, ತಟ್ಟೆ ಅವರಲ್ಲಿ ಏನೂ ಇರಲಿಲ್ಲ. ಹನ್ನೊಂದು ವರ್ಷದ ಹಿಂದೆ ಗಂಡನ ತಿಥಿಗೆ ಒಯ್ದದ್ದನ್ನೆಲ್ಲ ಮಾರನೆಯ ದಿನವೇ ತೊಳೆದು ಕಳಿಸಿದ್ದರು. ಕಳಿಸುವಾಗ ಅವರ ಒಂದು ತಟ್ಟೆ ಅದರ ಜೊತೆ ಸೇರಿ ಬಂದಿತ್ತು.

"ನಮ್ಮ ಯಜಮಾನ್ರು ಡ್ಯಾಮಿನ ಕೆಲಸದಲ್ಲಿ ಮೊದಲ ಸಂಬಳ ಬಂದಾಗ ತಂದಿದ್ರು. ದಪ್ಪ ತಟ್ಟೆ, ಅಂಚಿಗೆ ಹೂ ಅದೆ. ಹಿಂದೆ ನನ್ನ ಹೆಸರು ಬರೆಸಿದ್ರು. ನನ್ನ ಹೆಸರು ಸರಿಯಾಗಿ ಬರೆದಿದ್ದು ಅದೊಂದ್ರ ಮೇಲೇ, ಆಧಾರ್ ಕಾರ್ಡಲ್ಲೂ ತಪ್ಪಾಗೇ ಅದೆ."

ಆ ತಟ್ಟೆ ನನಗೆ ಗೊತ್ತಿತ್ತು. ಅದು ಗೋಡೌನಿನಲ್ಲಿರಲಿಲ್ಲ. ಒಳ್ಳೆ ದಪ್ಪವಿದೆ, ಬಾಡಿಗೆಗೆ ಹೋಗಿ ಹಾಳಾಗುವುದು ಬೇಡ ಎಂದು ನಾನೇ ಆರಿಸಿ ಮನೆಗೆ ಒಯ್ದಿದ್ದೆ. ಆ ದಿನ ಬೆಳಿಗ್ಗೆಯೂ ಅದರಲ್ಲೇ ದೋಸೆ ತಿಂದು ಬಂದಿದ್ದೆ. ಆದರೆ ಅಷ್ಟು ಜನರೆದುರು, ಅಂಥ ಭಾಷಣದ ನಡುವೆ ಹಾಗೆಂದು ಹೇಳಲು ನಾಲಿಗೆ ಏಳಲಿಲ್ಲ. "ಹುಡುಕಿ ನೋಡ್ತೀನಿ ಅಮ್ಮ," ಎಂದೆ. ಅವರು ಮತ್ತೆ ತಲೆಯಾಡಿಸಿ ಮಧ್ಯಾಹ್ನದ ಬಸ್ಸಿಗೆ ಹೋದರು. ಮನೆಗೆ ಬಂದು ತಟ್ಟೆ ತಿರುಗಿಸಿದೆ. ಅಕ್ಷರ ಸವೆದಿತ್ತು, ಆದರೂ ಓದುವಷ್ಟಿತ್ತು. ಅಂದು ಊಟ ಸೇರಲಿಲ್ಲ.

ಹದಿನೈದನೆಯ ದಿನ ಮೇಡಂ ಬಂದು ಹೆಸರು ನೋಡಿ ನೋಡಿ ಎಣಿಸಿದರು. ನನ್ನ ಹೆಸರಿನ ತಟ್ಟೆ ಇನ್ನೂರಾ ಅರವತ್ತು. ಅಂಗಡಿ ಉಳಿಯಿತು, ಓಡಿ ಒಂದು ಲಕ್ಷಕ್ಕೆ ಇಳಿಯಿತು. ಉಳಿದದ್ದನ್ನು ತಿಂಗಳು ತಿಂಗಳು ಕಟ್ಟುವ ಸಾಲ ಮಾಡಿಕೊಟ್ಟರು. ಸಹಿ ಹಾಕುವಾಗ ಕೈಕಟ್ಟಿ ನಿಲ್ಲಬೇಕಾಗಲಿಲ್ಲ, ಕುರ್ಚಿ ಕೊಟ್ಟರು.

ಮಾರನೆಯ ದಿನ ತಟ್ಟೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ಪೇಪರಿನಲ್ಲಿ ಸುತ್ತಿ, ನಾನೇ ಮಾಸ್ತಿಕಟ್ಟೆಗೆ ಹೋದೆ. ಚಿನ್ನಮ್ಮ ಬಿಚ್ಚಿ, ಹೆಸರಿನ ಮೇಲೆ ಬೆರಳಾಡಿಸಿದರು. ನಾನು ನಿಜ ಹೇಳಿಬಿಟ್ಟೆ. ಹನ್ನೊಂದು ವರ್ಷ ಅದರಲ್ಲಿ ಉಂಡವನು ನಾನೇ, ತಪ್ಪಾಯಿತು ಎಂದೆ. ಹೇಳಿದ ಮೇಲೆ ಮನಸ್ಸು ಹಗುರವಾಯಿತು. ನನ್ನ ಪ್ರಾಮಾಣಿಕತೆಯ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಬರತೊಡಗಿತ್ತು. ಅವರು ತಟ್ಟೆಯನ್ನು ಸೆರಗಿನಲ್ಲಿ ಒರೆಸುತ್ತ ಕೇಳಿದರು:

"ನಿಮ್ಮ ಅಂಗಡೀಲಿ ತಟ್ಟೆಗೆ ಬಾಡಿಗೆ ದಿನಕ್ಕೆಷ್ಟು?"

ಅವರು ನಗುತ್ತಿರಲಿಲ್ಲ. ನಮ್ಮ ಬಾಡಿಗೆ ಎರಡು ರೂಪಾಯಿ. ನಾನು ಒಂದು ಎಂದೆ.