ಡ್ಯಾಂಡಿನಾಂಗಿನಲ್ಲಿ ತೋಡಿದ ಹಗೇವು

ಇಂಥವೆಲ್ಲ ನನಗೇ ಯಾಕೆ ಆಗುತ್ತವೆ ಅಂತ ನನ್ನ ಜೊತೆ ಕೆಲಸ ಮಾಡಿದವರು ಕೇಳುತ್ತಲೇ ಇರುತ್ತಾರೆ. ನನಗೆ ಅದರಲ್ಲಿ ಆಶ್ಚರ್ಯವೇ ಇಲ್ಲ. ದಡ್ಡನಾದವನು ನಾಲ್ಕು ಜನರನ್ನು ಕೇಳಿ ಮಾಡುತ್ತಾನೆ, ಬಚಾವಾಗುತ್ತಾನೆ. ನಾನು ಮಂಡ್ಯ ಸೀಮೆಯ ಹಳ್ಳಿಯವನು. ನಮ್ಮ ವಂಶದಲ್ಲೇ ಯಾರೂ ಯಾರನ್ನೂ ಕೇಳಿದ್ದಿಲ್ಲ.

ಮೆಲ್ಬರ್ನಿಗೆ ಬಂದ ಹೊಸದು. ಊರಂಚಿನ ಡ್ಯಾಂಡಿನಾಂಗಿನ ಒಂದು ವೇರ್‌ಹೌಸಿನಲ್ಲಿ ಕೆಲಸ. ಕೈಯಲ್ಲಿ ಸಿಗರೇಟಿಲ್ಲದ ನನ್ನನ್ನು ಫೋರ್ಕ್‌ಲಿಫ್ಟ್ ಕೂಡ ಗುರುತು ಹಿಡಿಯುತ್ತಿರಲಿಲ್ಲ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು.

"ಅದೇನ್ಲಾ ನಿನ್ ಮೂತಿ ಮುಂದೆ ಹೊಗೆ?"

"ಇಲ್ಲಿ ಚಳಿ ಕಣವ್ವ. ಉಸ್ರು ಬುಟ್ರೆ ಹಂಗೇ ಬತ್ತದೆ."

"ಬೆರಳ ಸಂದೀಲೂ ಉಸ್ರಾಡ್ತೀಯಾ?"

ಅಲ್ಲಿಗೆ ಪಂಚಾಯ್ತಿ ಮುಗಿಯಿತು. "ಆ ಹಾಳು ಹೊಗೆ ಬುಡೋಗಂಟ ನಿಂಗೆ ಹೆಣ್ ಹುಡುಕಾಕಿಲ್ಲ" ಅಂತ ಅವ್ವನ ತೀರ್ಪು. "ಒಂದೇ ವರ್ಷ ಕಣವ್ವ, ಬುಟ್ಟಾಕ್ತೀನಿ" ಅಂತ ನನ್ನ ಜಂಬ. ಆಮೇಲೆ ಪ್ರತಿ ಯುಗಾದಿಗೂ ಆ ಒಂದು ವರ್ಷವನ್ನು ವೀಸಾ ಥರ ರಿನ್ಯೂ ಮಾಡಿಸಿಕೊಳ್ಳುತ್ತಾ ಬಂದೆ.

ಮಧ್ಯದಲ್ಲಿ ಸಿಗರೇಟು ಬಿಟ್ಟು ಇ-ಸಿಗರೇಟು ಹಿಡಿದೆ. ಅದಕ್ಕೆ ಹಾಕುವ ನಿಕೋಟಿನ್ ರಸ ಇಲ್ಲಿ ಅಂಗಡಿಯಲ್ಲಿ ಸಿಗುವುದಿಲ್ಲ. ಡಾಕ್ಟರ ಚೀಟಿ ಇಟ್ಟುಕೊಂಡು ಹೊರದೇಶದಿಂದ ತರಿಸಬೇಕು. ಬರುವುದು ಬಲು ಗಟ್ಟಿ ಸರಕು, ಚರ್ಮಕ್ಕೆ ತಾಗಿದರೂ ಅಪಾಯ. ಗ್ಲೌಸ್ ಹಾಕಿಕೊಂಡು, ವಾಸನೆಯ ದ್ರವದಲ್ಲಿ ತೆಳ್ಳಗೆ ಬೆರೆಸಿ ಸೇದಬೇಕು. "ಇನ್ನು ಮೇಲೆ ತರಿಸೋಕೂ ಬಿಡಲ್ಲವಂತೆ" ಅಂತ ಆರು ತಿಂಗಳಿಗೊಂದು ಗಾಳಿಸುದ್ದಿ ಏಳುತ್ತಿತ್ತು. ಸುದ್ದಿ ಎದ್ದಾಗಲೆಲ್ಲ ನಾನು ಇನ್ನೊಂದಿಷ್ಟು ತರಿಸುತ್ತಿದ್ದೆ. ಬಿಡಬೇಕಾದ ವಸ್ತುವನ್ನು ಕೂಡಿಡುವ ಕಥೆ ಹೀಗೆ ಶುರುವಾಯಿತು.

೧. ತಾತನ ವಿದ್ಯೆ

ಸೇದುವವರೆಲ್ಲ ಇಂಟರ್ನೆಟ್ಟಿನಲ್ಲಿ ಬರೆದುಕೊಂಡಿದ್ದರು. ಈ ರಸಕ್ಕೆ ಮೂರು ಶತ್ರುಗಳು, ಬೆಳಕು, ಬಿಸಿ, ಗಾಳಿ. ಕಂದು ಗಾಜಿನ ಬಾಟಲಿಗೆ ಕುತ್ತಿಗೆಮಟ್ಟ ತುಂಬಿ, ಬಿಗಿಯಾಗಿ ಮುಚ್ಚಿ, ಫ್ರೀಜರ್‌ನಲ್ಲಿಡಿ, ವರ್ಷಗಟ್ಟಲೆ ಇರುತ್ತದೆ ಅಂತ.

ನನಗೆ ನಗು ಬಂತು. ಇದನ್ನು ನನಗೆ ಹೇಳಿಕೊಡುತ್ತಾರಾ? ನಮ್ಮ ತಾತ ನೆಲದೊಳಗಿನ ಹಗೇವಿಗೆ ರಾಗಿ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ಹನ್ನೆರಡು ವರ್ಷ ಒಂದು ಹುಳ ಬೀಳುತ್ತಿರಲಿಲ್ಲ. ನೆಲದೊಳಗೆ ಬೆಳಕುಂಟಾ, ಬಿಸಿಯುಂಟಾ, ಗಾಳಿಯುಂಟಾ? ಕರೆಂಟೂ ಬೇಡ.

ನಾನು ಆಗ ಬಾಡಿಗೆಗಿದ್ದದ್ದು ಮಂಗಳೂರಿನ ಕಡೆಯ ಒಬ್ಬ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ. ಭಾನುವಾರ ಅವರು ಚರ್ಚಿಗೆ ಹೋದದ್ದೇ ತಡ, ಟೊಮೆಟೊ ಪಾತಿಯ ಪಕ್ಕ ಗುದ್ದಲಿ ಹಾಕಿದೆ. ಬಾಟಲಿಗಳನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಇಳಿಸಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ, ತಾತನ ಥರವೇ ಮೀಸೆ ತಿರುವಿಕೊಂಡೆ.

ಎರಡು ವಾರ ಬಿಟ್ಟು ಒಂದು ಬಾಟಲಿ ಬೇಕಾಯಿತು. ಹಗೇವು ತೆಗೆದವನು ದಡಕ್ಕನೆ ಇಳಿಯಬಾರದು, ಒಳಗೆ ಕೆಟ್ಟ ಗಾಳಿ ಇರುತ್ತದೆ, ಮೊದಲು ದೀಪ ಇಳಿಸಿ ನೋಡಬೇಕು ಅಂತ ತಾತ ಹೇಳಿದ್ದು ನೆನಪಿತ್ತು. ಒಂದು ಮೇಣದ ದೀಪಕ್ಕೆ ದಾರ ಕಟ್ಟಿ, ಕುಕ್ಕರುಗಾಲಲ್ಲಿ ಕೂತು, ತಲೆ ಬಗ್ಗಿಸಿ ಮೆಲ್ಲಗೆ ಇಳಿಸುತ್ತಿದ್ದೆ. ಚರ್ಚು ಅವತ್ತು ಬೇಗ ಬಿಟ್ಟಿತ್ತು.

"ದೇವಾ! ಯಾರನ್ನು ಹೂತದ್ದು ಮಾರಾಯಾ ನೀನು?"

ತಿರುಗಿ ನೋಡಿದರೆ ಆಂಟಿ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಳ್ಳುತ್ತಿದ್ದಾರೆ.

"ಯಾರನ್ನೂ ಇಲ್ಲ ಆಂಟಿ. ಇದು ಉಗ್ರಾಣ."

"ಉಗ್ರಾಣಕ್ಕೆ ದೀಪ ಎಂತಕ್ಕೆ?"

"ಒಳಗೆ ವಿಷಗಾಳಿ ಇದ್ರೆ ದೀಪ ಆರುತ್ತೆ. ಆರಲಿಲ್ಲ ಅಂದ್ರೆ ಮನುಷ್ಯ ಇಳೀಬಹುದು."

ಆಂಟಿ ಗುಂಡಿಯನ್ನು ನೋಡಿದರು, ನನ್ನನ್ನು ನೋಡಿದರು. "ಈ ಗುಂಡಿಗೆ ಇಳಿಯುವುದು ಯಾರು? ನಿನ್ನ ಮೊಣಕಾಲಾ?"

ಅಷ್ಟರಲ್ಲಿ ದೀಪ ಚುಂಯ್ ಅಂತ ಆರಿತು. ಕೆಟ್ಟ ಗಾಳಿಗಲ್ಲ, ನೀರಿಗೆ. ಹಗೇವು ತೋಡುವುದು ನೀರು ನಿಲ್ಲದ ಗಟ್ಟಿ ದಿಣ್ಣೆಯಲ್ಲಿ ಅನ್ನುವುದನ್ನು ತಾತ ಹೇಳಿರಲಿಲ್ಲ. ಅಥವಾ ನಾನು ಕೇಳಿರಲಿಲ್ಲ. ಮೆಲ್ಬರ್ನಿನ ಎರಡು ವಾರದ ಮಳೆ ಪೂರ್ತಿ ನನ್ನ ಉಗ್ರಾಣದಲ್ಲಿತ್ತು. ಬಾಟಲಿಗಳೇನೋ ಗಟ್ಟಿಯಾಗಿದ್ದವು, ಮೇಲೆ ಅಂಟಿಸಿದ್ದ ಲೇಬಲ್ಲುಗಳು ಮಾತ್ರ ಗಂಜಿಯಾಗಿದ್ದವು. ತಾತನ ಹಗೇವಿನಲ್ಲಿ ಹನ್ನೆರಡು ವರ್ಷ ಹುಳ ಬೀಳಲಿಲ್ಲ. ನನ್ನದರಲ್ಲಿ ಹದಿನಾಲ್ಕೇ ದಿನಕ್ಕೆ ಕಪ್ಪೆ ಸಂಸಾರ ಹೂಡಿತ್ತು.

೨. ಫ್ರೀಜರ್ ತುಂಬ ವಿಷ

ಆಂಟಿ ಒಳ್ಳೆಯವರು. ಗರಾಜಿನಲ್ಲಿದ್ದ ದೊಡ್ಡ ಫ್ರೀಜರ್‌ನ ಒಂದು ಮೂಲೆ ಬಿಟ್ಟುಕೊಟ್ಟರು. ಆದರೆ ಷರತ್ತು ಹಾಕಿದರು. "ಮೊಮ್ಮಕ್ಕಳು ಬರುವ ಮನೆ ಇದು. ಕಬ್ಬಿಣದ ಡಬ್ಬಿ ಬೇಕು, ಬೀಗ ಬೇಕು, ಮೇಲೆ ದೊಡ್ಡದಾಗಿ ಬರೆದಿರಬೇಕು. ಇಲ್ಲವಾದರೆ ನಿನ್ನನ್ನೂ ಬಾಟಲಿಯನ್ನೂ ಒಟ್ಟಿಗೆ ಬೀದಿಗೆ ಇಡುವುದು."

ಲೇಬಲ್ಲು ಹೋಗಿದ್ದರಿಂದ ಯಾವುದು ಗಟ್ಟಿ, ಯಾವುದು ತೆಳು ಗೊತ್ತಾಗುವಂತಿರಲಿಲ್ಲ. ಎಲ್ಲವನ್ನೂ ಗಟ್ಟಿ ಅಂತಲೇ ಹಿಡಿದು ಬೀಗ ಹಾಕಿದೆ. ಡಬ್ಬಿಯ ಮೇಲೆ ಕೆಂಪು ಮಾರ್ಕರಿನಲ್ಲಿ ಇಂಗ್ಲಿಷಿನಲ್ಲೂ ಕನ್ನಡದಲ್ಲೂ "ವಿಷ" ಅಂತ ಬರೆದು, ಕೆಳಗೆ ತಲೆಬುರುಡೆ ಬಿಡಿಸಿದೆ. ಬುರುಡೆ ನಮ್ಮ ವೇರ್‌ಹೌಸ್ ಮ್ಯಾನೇಜರನ ಥರ ಬಂತು, ಅದು ಬೇರೆ ಮಾತು.

ಈಗ ಒಂದು ತಪ್ಪೊಪ್ಪಿಗೆ. ಆ ಫ್ರೀಜರ್‌ನಲ್ಲಿ ಆಂಟಿಯ ಬಂಗುಡೆ ಮೀನಿನ ಪೊಟ್ಟಣಗಳೂ ಇರುತ್ತಿದ್ದವು. ವಾರಕ್ಕೊಂದು ತಾನಾಗಿಯೇ ಕಮ್ಮಿಯಾಗುತ್ತಿತ್ತು. ಒಂದು ಸಂಜೆ ರೂಢಿಯಂತೆ ಕೈ ಹಾಕಿದೆ. ಕೈಗೆ ಬಂದ ಪೊಟ್ಟಣದ ಮೇಲೆ ಕೆಂಪು ಅಕ್ಷರದಲ್ಲಿ "ವಿಷ", ಕೆಳಗೆ ನನ್ನದಕ್ಕಿಂತ ಚೆನ್ನಾಗಿ ಬಿಡಿಸಿದ ಬುರುಡೆ. ಇನ್ನೊಂದು ತೆಗೆದೆ, ಅದರ ಮೇಲೂ ವಿಷ. ಎಂಟೂ ಪೊಟ್ಟಣದ ಮೇಲೆ ವಿಷ!

"ಆಂಟೀ! ಇದೆಲ್ಲ ಏನು?"

"ಅದಾ? ನಿನ್ನ ಡಬ್ಬಿಗೆ ಬರೆದ ಮೇಲೆ ಯಾರೂ ಅದನ್ನು ಮುಟ್ಟಲಿಲ್ಲ ನೋಡು. ಒಳ್ಳೆ ಉಪಾಯ ಅಂತ ಕಂಡಿತು."

"ಇದು ಬರೀ ಬಂಗುಡೆ ಅಲ್ವಾ ಆಂಟಿ!"

"ಹೌದು ಮಗಾ. ಅದು ನಿನಗೆ ಹೇಗೆ ಗೊತ್ತು?"

೩. ಮೀನಿಗೆ ಚೀಟಿ ಇಲ್ಲ

ಸಿಡ್ನಿಯಲ್ಲಿ ಮ್ಯಾಕ್ವೆರಿ ಪಾರ್ಕಿನ ಒಂದು ಆಫೀಸಿನಲ್ಲಿ ಸ್ಟಾಕ್ ಕಂಟ್ರೋಲರ್ ಕೆಲಸ ಸಿಕ್ಕಿತು. ಸಾಮಾನೆಲ್ಲ ಡಿಕ್ಕಿಗೆ ತುಂಬಿದೆ. ನನ್ನ ಬಾಟಲಿ ಡಬ್ಬಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕಿದೆ. ಹೊರಡುವಾಗ ಆಂಟಿ ಕಣ್ಣೊರೆಸಿಕೊಂಡು, "ದಾರಿಯಲ್ಲಿ ಐಸ್ ಇದ್ದೇ ಇರ್ತದಲ್ಲ" ಅಂತ ಎರಡು ಪೊಟ್ಟಣ ಬಂಗುಡೆಯನ್ನೂ ಅದರೊಳಗೇ ಇಟ್ಟರು.

ನಡುದಾರಿಯಲ್ಲಿ, ಸುಡುವ ಮಧ್ಯಾಹ್ನ, ಹೈವೇ ಪೊಲೀಸ್ ಕೈ ತೋರಿಸಿದ. ಊದಿಸಿದ. ಕುಡಿದಿರಲಿಲ್ಲ. ಆಮೇಲೆ ಅವನ ಕಣ್ಣು ಪಕ್ಕದ ಸೀಟಿಗೆ ಹೋಯಿತು.

"ಬೆಲ್ಟ್ ಹಾಕಿಕೊಂಡು ಕೂತಿರೋರು ಯಾರು?"

ಪೆಟ್ಟಿಗೆ ತೆಗೆದು ತೋರಿಸಿದೆ. ಬಾಟಲಿ ನೋಡಿದ, ಡಾಕ್ಟರ ಚೀಟಿ ನೋಡಿದ, ತಲೆಯಾಡಿಸಿದ. ನಾನು ಎದೆ ಉಬ್ಬಿಸಿದೆ. ಆಮೇಲೆ ಪೊಟ್ಟಣ ಎತ್ತಿದ.

"ಇದು?"

"ಮೀನು ಸಾರ್."

"ಈ ಬುರುಡೆ ಯಾಕೆ? ಏನು ಬರೆದಿದೆ ಇಲ್ಲಿ?"

ಸುಳ್ಳು ಹೇಳಬಹುದಿತ್ತು. ಆದರೆ ಕನ್ನಡ ಓದಿ ಹೇಳುವ ಅವಕಾಶ ಆ ಹೈವೇಯಲ್ಲಿ ಎಷ್ಟು ಸಲ ಸಿಗುತ್ತದೆ? "ವಿಷ ಅಂತ ಬರೆದಿದೆ ಸಾರ್" ಅಂದೆ ಹೆಮ್ಮೆಯಿಂದ.

ಅವನು ಒಂದು ಹೆಜ್ಜೆ ಹಿಂದೆ ಸರಿದ. "ವಿಷ ಹಾಕಿದ ಮೀನಾ?"

"ಇಲ್ಲ, ಒಳ್ಳೇ ಮೀನೇ. ನಾನು ತಿನ್ನಬಾರದು ಅಂತ ಬರೆದಿದ್ದಾರೆ."

"ನೀನು ತಿನ್ನಬಾರದ ಮೀನನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀಯ?"

"ತಿನ್ನೋಕೆ ಸಾರ್."

ಕೊನೆಗೆ ಅವನು ಆಂಟಿಗೆ ಫೋನ್ ಹಚ್ಚಿಸಿದ. ಅವರು ನನ್ನ ಊಟದ ಚರಿತ್ರೆಯನ್ನೆಲ್ಲ ಸ್ಪೀಕರಿನಲ್ಲಿ ವಿವರಿಸಿದರು. ಬಾಟಲಿಗಳಿಗೆ ಡಾಕ್ಟರ ಚೀಟಿ ಇತ್ತು, ಅರ್ಧ ನಿಮಿಷದಲ್ಲಿ ಪಾರಾದವು. ಚೀಟಿಯಿಲ್ಲದ ಎರಡು ಬಂಗುಡೆ ಪೊಟ್ಟಣಕ್ಕಾಗಿ ನಲವತ್ತು ನಿಮಿಷ ಬಿಸಿಲಲ್ಲಿ ನಿಂತೆ.

೪. ಹಳೇ ಹುಣಸೆ

ಸ್ಟಾಕ್ ಕಂಟ್ರೋಲರ್ ಅಂದರೆ ಮೊದಲು ಬಂದ ಸರಕು ಮೊದಲು ಹೋಗಬೇಕು ಅಂತ ನೋಡಿಕೊಳ್ಳುವವನು. ಆಫೀಸಿನಲ್ಲಿ ಈ ವಿಷಯದಲ್ಲಿ ನಾನು ಕೊಡದ ಭಾಷಣವಿಲ್ಲ. ಸಿಡ್ನಿ ಅಂಚಿನ ಸ್ಕೋಫೀಲ್ಡ್ಸ್‌ನ ನನ್ನ ಬಾಡಿಗೆ ಮನೆಯ ಫ್ರೀಜರ್‌ನಲ್ಲಿ ಮಾತ್ರ ಅವ್ವನ ನ್ಯಾಯ. ಹುಣಸೆಹಣ್ಣು ಹಳೇದಾದಷ್ಟೂ, ಕಪ್ಪಾದಷ್ಟೂ ಒಳ್ಳೇದು, ಅದನ್ನು ಹಿಂದಕ್ಕಿಡು, ಹೊಸದನ್ನು ಖರ್ಚು ಮಾಡು. ಹಾಗಾಗಿ ಅರ್ಧ ಖಾಲಿಯಾದ ಹಳೇ ಬಾಟಲಿಗಳಲ್ಲಿ ಗಾಳಿ ಸೇರಿ ರಸ ಚಹಾ ಬಣ್ಣಕ್ಕೆ ತಿರುಗಿತು. ಮನೆಗೆ ಬಂದವರಿಗೆಲ್ಲ ಅದನ್ನು ಎತ್ತಿ ತೋರಿಸಿ, "ಮಾಗಿದೆ ನೋಡಿ" ಅನ್ನುತ್ತಿದ್ದೆ. "ಒಂದೇ ದಮ್ಮಿಗೆ ಯಾವ ವರ್ಷದ ಸರಕು, ಎಷ್ಟು ಖಾರ ಅಂತ ಹೇಳಿಬಿಡ್ತೀನಿ" ಅನ್ನುತ್ತಿದ್ದೆ.

ಪಕ್ಕದ ಮನೆಯ ಅಂಕಲ್ ಒಮ್ಮೆ ಮೂಸಿ ನೋಡಿ ಕೇಳಿದರು. "ಕೆಟ್ಟುಹೋಗಿರೋದಕ್ಕೂ ಮಾಗಿರೋದಕ್ಕೂ ಹೆಂಗಪ್ಪಾ ವ್ಯತ್ಯಾಸ ಗೊತ್ತಾಗುತ್ತೆ?"

"ಅನುಭವ ಅಂಕಲ್" ಅಂದೆ, ಕೆಮ್ಮುತ್ತಾ.

೫. ಷಷ್ಟಿಪೂರ್ತಿ ಸ್ಟಾಕ್

ಅವ್ವ ಸೋತಳು. ನನಗೆ ಮೂವತ್ತು ತುಂಬುತ್ತಾ ಬಂದಿತ್ತು. "ಈ ವರ್ಷ ಬುಟ್ಟೇ ಬುಡ್ತಾನೆ" ಅಂತ ಧೈರ್ಯವಾಗಿ ಹೇಳಿ ಹೆಣ್ಣು ಹುಡುಕಿದಳು. ಹುಡುಗಿ ಮೈಸೂರಿನವಳು, ಇರುವುದು ಇಲ್ಲೇ ಸಿಡ್ನಿಯಲ್ಲಿ, ಕೆಲಸ ಮ್ಯಾಕ್ವೆರಿ ಪಾರ್ಕಿನಲ್ಲೇ ಒಂದು ಔಷಧಿ ಕಂಪನಿಯ ಲ್ಯಾಬಿನಲ್ಲಿ. ಎರಡು ಸಲ ಕಾಫಿ ಕುಡಿದೆವು. ನನ್ನ ಎದೆ ಡವಗುಟ್ಟಿದ್ದು ಕಾಫಿಯಿಂದಲ್ಲ ಅಂತ ಎರಡನೇ ಸಲಕ್ಕೇ ಗೊತ್ತಾಯಿತು. ಒಂದು ಭಾನುವಾರ ಅವಳೂ, ಮಗಳನ್ನು ನೋಡಲು ಮೈಸೂರಿಂದ ಬಂದಿದ್ದ ಅವಳಪ್ಪನೂ ಸ್ಕೋಫೀಲ್ಡ್ಸ್‌ಗೆ ಬಂದರು. ಊರಲ್ಲಾದರೆ ನಾವು ಹೆಣ್ಣು ನೋಡಲು ಹೋಗುತ್ತಿದ್ದೆವು. ಇಲ್ಲಿ ನಾನೇ ತಲೆ ಬಾಚಿಕೊಂಡು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದೆ.

"ಚಟ ಗಿಟ?" ಅಂದರು ಅವಳಪ್ಪ.

"ಬಿಟ್ಟ ಹಾಗೇ ಸಾರ್. ಇನ್ನು ನಾಲ್ಕು ತಿಂಗಳು, ಪೂರ್ತಿ ನಿಲ್ಲಿಸ್ತೀನಿ. ನಾನು ಹೇಳಿದ್ರೆ ಹೇಳಿದ ಹಾಗೆ."

"ಭೇಷ್. ಸೆಕೆ ಬಹಳ, ಜ್ಯೂಸಿಗೆ ಒಂದೆರಡು ಐಸ್ ಹಾಕಿ."

ನಾನು ಏಳುವುದರೊಳಗೆ ಅವಳು ಎದ್ದು ಫ್ರೀಜರ್ ತೆಗೆದಿದ್ದಳು. ಬುರುಡೆ ಡಬ್ಬಿ ಹೊರಗೆ ಬಂತು. "ಕೀ ಕೊಡಿ" ಅಂದಳು. ಕೊಟ್ಟೆ. ಅವಳ ಕೆಲಸವೇ ಔಷಧಿಗಳು ಎಷ್ಟು ದಿನ ಇಟ್ಟರೆ ಕೆಡುತ್ತವೆ ಅಂತ ಪರೀಕ್ಷೆ ಮಾಡುವುದು ಅನ್ನುವುದು ಆಗ ನೆನಪಾಯಿತು. ಬಾಟಲಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ಸಾಲಾಗಿ ಜೋಡಿಸಿದಳು.

"ಇವು ಕಂದಾಗಿವೆ. ಹೋದವು."

"ಅವು ಮಾಗಿರೋದು..."

"ಹೋದವು" ಅಂದಳು. "ಚರಂಡಿಗೆ ಸುರೀಬೇಡಿ, ಕೆಮಿಕಲ್ ತಗೊಳ್ಳೋ ಕಡೆ ಕೊಡಬೇಕು. ಉಳಿದಿದ್ದು ಇಪ್ಪತ್ತಾರು. ದಿನಕ್ಕೆ ಎಷ್ಟು ಬೇಕು ನಿಮಗೆ?"

ಹೇಳಿದೆ. ಅವಳು ಫೋನಿನಲ್ಲಿ ಒತ್ತಿದಳು, ಇನ್ನೊಂದು ಸಲ ಒತ್ತಿದಳು. "ಒಂದು ಬಾಟಲಿ ಹದಿನಾಲ್ಕು ತಿಂಗಳು. ಒಟ್ಟು ಮೂವತ್ತು ವರ್ಷ. ಅಪ್ಪಾ, ಇವರು ನಾಲ್ಕು ತಿಂಗಳಲ್ಲಿ ಬಿಡ್ತಾರಂತೆ. ಸ್ಟಾಕು ಅವರ ಷಷ್ಟಿಪೂರ್ತಿ ತನಕ ಇದೆ."

ಅವಳಪ್ಪ ಉಪ್ಪಿಟ್ಟಿನ ಚಮಚ ಕೆಳಗಿಟ್ಟರು. "ದೂರದೃಷ್ಟಿ ಇರೋ ಹುಡುಗ" ಅಂದರು. ಹೊಗಳಿಕೆ ಅಲ್ಲ ಅಂತ ನನಗೂ ಗೊತ್ತಾಯಿತು.

ಅವಳು ಬಾಗಿಲ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. "ನಿಮ್ಮ ಮಾತಿಗೂ ನಿಮ್ಮ ಸ್ಟಾಕಿಗೂ ತಾಳೆ ಆಗ್ತಿಲ್ಲ. ತಾಳೆ ಆಗೋ ತನಕ ನನ್ನಿಂದ ಉತ್ತರ ಇಲ್ಲ. ಡಬ್ಬಿ ನನ್ನ ಹತ್ರ ಇರಲಿ. ಪ್ರತಿ ಶನಿವಾರ ಒಂದು ವಾರಕ್ಕಾಗೋಷ್ಟು ಬೆರೆಸಿ ತಂದುಕೊಡ್ತೀನಿ. ಖಾರ ಕಮ್ಮಿ ಮಾಡ್ತಾ ಬರ್ತೀನಿ, ಯಾವ ವಾರ ಎಷ್ಟು ಅಂತ ಹೇಳಲ್ಲ. ಒಪ್ಪಿಗೇನಾ?"

ಹೋದ ಮಾನ ಅಲ್ಲಿಗೇ ವಾಪಸು ಬಂತು. ಬಿದ್ದು ಬಿದ್ದು ನಕ್ಕೆ. "ಒಂದು ತೊಟ್ಟು ಕಮ್ಮಿಯಾದ್ರೂ ನನ್ನ ನಾಲಿಗೆಗೆ ಗೊತ್ತಾಗುತ್ತೆ ಕಣ್ರೀ!"

"ಗೊತ್ತಾದ್ರೆ ಹೇಳಿ" ಅಂದಳು.

ಆ ಕಡೆಗೆ ಮೆಟ್ರೋ ರೈಲು ಇನ್ನೂ ಬಂದಿರಲಿಲ್ಲ. ಪ್ರತಿ ಶನಿವಾರ ಬೆಳಿಗ್ಗೆ ಸ್ಕೋಫೀಲ್ಡ್ಸ್‌ನಿಂದ ಕಾರು ಓಡಿಸಿಕೊಂಡು ಮ್ಯಾಕ್ವೆರಿ ಪಾರ್ಕಿಗೆ ಹೋಗುವುದು, ಅವಳ ಮನೆಯ ಹತ್ತಿರದ ಪಾರ್ಕಿನ ಬೆಂಚಿನಲ್ಲಿ ಕೂರುವುದು, ಅವಳ ಮುಂದೆಯೇ ಒಂದು ದಮ್ ಎಳೆದು ತೀರ್ಪು ಕೊಡುವುದು. "ಹೂಂ, ಇದು ಹೋದ ವಾರದಷ್ಟೇ." "ಇವತ್ತು ಸ್ವಲ್ಪ ಜಾಸ್ತಿ ಹಾಕಿಬಿಟ್ಟಿದ್ದೀರಿ." ಒಂದು ಶನಿವಾರವಂತೂ ತಲೆ ಗಿರ್ರ್ ಅಂತ ತಿರುಗಿ ಹತ್ತು ನಿಮಿಷ ಬೆಂಚ್ ಹಿಡಿದು ಕೂತಿದ್ದೆ. ಅವಳು ಪಾಪ, ನೀರಿನ ಬಾಟಲಿ ಕೊಟ್ಟು ಸುಮ್ಮನೆ ಮರ ನೋಡುತ್ತಿದ್ದಳು.

ನಾಲ್ಕು ತಿಂಗಳು ತುಂಬಿದ ಶನಿವಾರ. ಜೀವಮಾನದ ಉತ್ತರ ಸಿಗುವ ದಿನ. ನಾನು ಕಣ್ಣು ಮುಚ್ಚಿ ಉದ್ದಕ್ಕೆ ದಮ್ ಎಳೆದೆ. ನಿಧಾನವಾಗಿ ಬಿಟ್ಟೆ.

"ಆಹಾ! ಇದು ಡ್ಯಾಂಡಿನಾಂಗ್ ಕಾಲದ್ದು. ಹಗೇವಿಂದ ಎದ್ದ ಸರಕು. ಗಂಟಲಿಗೆ ಹೆಂಗೆ ಹೊಡೀತು ಗೊತ್ತಾ? ನಿಜ ಹೇಳ್ತೀನಿ ಕಣ್ರೀ, ಇದನ್ನ ಬಿಡೋದು ನನ್ನಿಂದ ಆಗ್ಲಿಲ್ಲ. ಬೇಕಾದ್ರೆ ಬೇಡ ಅಂದುಬಿಡಿ."

ಅವಳು ಕೈಚೀಲದಿಂದ ಒಂದು ಪುಟ್ಟ ಪುಸ್ತಕ ತೆಗೆದು ನನ್ನ ತೊಡೆ ಮೇಲಿಟ್ಟಳು. ವಾರವಾರದ್ದೂ ಬರೆದಿಟ್ಟಿದ್ದಳು. ಕೊನೆಯ ಆರು ವಾರದ ಮುಂದೆ ಆರು ಸೊನ್ನೆ.

"ಒಂದೂವರೆ ತಿಂಗಳಿಂದ ಅದ್ರಲ್ಲಿ ನಿಕೋಟಿನ್ನೇ ಇಲ್ಲ" ಅಂದಳು. "ಬರೀ ಮಾವಿನಹಣ್ಣಿನ ವಾಸನೆ. ನೀವು ತಲೆ ತಿರುಗಿ ಕೂತಿರಲ್ಲ, ಅದು ಎರಡನೇ ಸೊನ್ನೆ. ಡಬ್ಬಿ ಎಲ್ಲಾ ಕೆಮಿಕಲ್‌ನೋರಿಗೆ ಕೊಟ್ಟಾಯ್ತು. ಸ್ಟಾಕ್ ತಾಳೆ ಆಯ್ತು. ಅಪ್ಪನಿಗೆ ಹೂಂ ಅಂತ ಹೇಳ್ಲಾ?"

ಹೇಳಿ ಅನ್ನುವಂತೆ ತಲೆಯಾಡಿಸಿದೆ. ಕಣ್ಣು ಯಾಕೋ ಮಂಜಾಗಿತ್ತು. ಆದರೆ ಮಂಡ್ಯ ಸೀಮೆಯವನು ನಾನು, ಅಷ್ಟು ಸುಲಭಕ್ಕೆ ಸೋಲೊಪ್ಪುವುದುಂಟೇ? ಅವಳು ಫೋನ್ ಕಿವಿಗಿಡುವಾಗ ಇನ್ನೊಂದು ದಮ್ ಎಳೆದು, ಗಂಟಲು ಸರಿ ಮಾಡಿಕೊಂಡು ಹೇಳಿದೆ:

"ಆದ್ರೂ ಸ್ವಲ್ಪ ಸ್ಟ್ರಾಂಗೇ ಇದೆ."