ಸೇತುವೆ ಸಾರ್ ಅಗೆದ ಪೈಪು

ಲೆಕ್ಕದ ಮೇಷ್ಟ್ರು ಬೆಳ್ಳಂಬೆಳಗ್ಗೆ ಖಾಲಿ ಬಕೆಟ್ ಹಿಡಿದು ಬಂದು ಬಾಗಿಲು ತಟ್ಟದೇ ಇದ್ದಿದ್ದರೆ ಸೇತುವೆ ಸಾರ್ ಆ ದಿನ ಸುಮ್ಮನೆ ಆಫೀಸಿಗೆ ಹೋಗಿರುತ್ತಿದ್ದರು.

“ಮೂರು ವಾರ ಆಯ್ತು ಸಾರ್, ಬೀದೀಲಿ ಒಂದು ಹನಿ ನೀರಿಲ್ಲ. ನಿಮ್ಮದು ದೊಡ್ಡ ತೊಟ್ಟಿ, ಹೇಗೋ ನಡೆಯುತ್ತೆ. ನಮ್ಮ ಗತಿ? ಸೇತುವೆ ನುಂಗಿದವರನ್ನೇ ಕಕ್ಕಿಸಿದೋರು ನೀವು, ಈ ನಲ್ಲಿ ಯಾವ ಲೆಕ್ಕ!”

ಕಳಪೆ ಸೇತುವೆಯ ಹಗರಣ ಬಯಲಿಗೆಳೆದು ಅವರು ಪ್ರಶಸ್ತಿ ಪಡೆದದ್ದು ಐದು ವರ್ಷದ ಹಿಂದೆ. ಬೀದಿಯವರು ಈ ಅಡ್ಡಹೆಸರಿಟ್ಟರು, ಪತ್ರಿಕೆಯವರು ದೊಡ್ಡ ಕುರ್ಚಿ ಕೊಟ್ಟರು. ಅಂದಿನಿಂದ ಬೇರೆಯವರ ವರದಿ ತಿದ್ದುವುದೇ ಕೆಲಸ. ಮುಖಪುಟದಲ್ಲಿ ಅಚ್ಚಾಗುತ್ತಿದ್ದ ತಮ್ಮ ಹೆಸರಿಗಾಗಿ ಅವರ ಜೀವ ಹಂಬಲಿಸುತ್ತಿತ್ತು. ಇರುವುದಿಲ್ಲವೆಂದು ಗೊತ್ತಿದ್ದೂ, ದಿನಾ ಪತ್ರಿಕೆ ಬಿಡಿಸಿದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಸಂಜೆಯೊಳಗೆ ನೀರುಗಳ್ಳನನ್ನ ಹಿಡೀತೀನಿ ಮೇಷ್ಟ್ರೇ,” ಎಂದು ಹಳೆಯ ಷೂಗಳ ಧೂಳು ಕೊಡವಿದರು.

ನೀರಿನ ಕಚೇರಿಯಲ್ಲಿ ಅವರನ್ನು ಕಂಡದ್ದೇ ತಡ, ಗುಮಾಸ್ತ ಕಡತಗಳನ್ನೆಲ್ಲ ಬೀರುವಿಗೆ ತುರುಕಿ ಬೀಗ ಜಡಿದ. ಕೇಳಿದ ಪ್ರತಿ ಪ್ರಶ್ನೆಗೂ ಒಂದೊಂದು ಲೋಟ ಚಹಾ ಬಂತೇ ಹೊರತು ಉತ್ತರ ಬರಲಿಲ್ಲ.

“ನಿಮ್ಮ ಮನೆಗೆ ನೀರು ಚೆನ್ನಾಗಿ ಬರ್ತಿದೆ ತಾನೇ ಸಾರ್?” ಎಂಜಿನಿಯರ್ ಕೈ ಹೊಸಕಿಕೊಂಡರು. “ಕಮ್ಮಿ ಆದ್ರೆ ಒಂದು ಮಾತು ಹೇಳಿ ಸಾಕು.”

ಒಂದು ಕಾಲದಲ್ಲಿ ಯಾರ ಕಣ್ಣಿಗೂ ಬೀಳದೆ ಸುದ್ದಿ ಹೆಕ್ಕುತ್ತಿದ್ದವರು ಅವರು. ಈಗ ಎಲ್ಲಿ ಹೋದರೂ ಜನ ಕುರ್ಚಿ ಒರೆಸಿಕೊಡುತ್ತಾರೆ. ನಾಲ್ಕನೆಯ ಲೋಟ ಬರುವ ಮುಂಚೆ ಅವರು ಹೊರಗೆ ನಿಂತಿದ್ದ ನೀರು ಬಿಡುವವನ ತೋಳು ಹಿಡಿದು ಬೀದಿಗೆ ಕರೆತಂದರು. ಅವನು ದಾರಿಯುದ್ದಕ್ಕೂ “ಬೇಡಿ ಸಾರ್, ಬಿಟ್ಬಿಡಿ ಸಾರ್” ಎನ್ನುತ್ತಲೇ ಬಂದ.

ಬೀದಿಯ ತುದಿಯಲ್ಲಿ ನೆಲ ಒಂದು ಕಡೆ ಮಾತ್ರ ಒದ್ದೆಯಾಗಿತ್ತು. ದರ್ಜಿ ಹಾರೆ ತಂದ, ಮೇಷ್ಟ್ರು ಗುದ್ದಲಿ ತಂದರು. ಮೊಣಕಾಲುದ್ದ ಅಗೆಯುವಷ್ಟರಲ್ಲಿ ಸಿಕ್ಕಿತು: ದೊಡ್ಡ ಕೊಳವೆಯಿಂದ ಕದ್ದುಮುಚ್ಚಿ ಕವಲೊಡೆದ ನೀಲಿ ಪೈಪು!

ಸೇತುವೆ ಸಾರ್ ಎದೆ ಐದು ವರ್ಷದ ಮೇಲೆ ಡವಗುಟ್ಟಿತು. ಪತ್ರಿಕೆಯ ಹೊಸ ವರದಿಗಾರ್ತಿಗೆ ಫೋನ್ ಮಾಡಿದರು. “ಕ್ಯಾಮೆರಾ ತಗೊಂಡು ಬಾಮ್ಮ. ಫೋಟೋ ನಿಂದು, ಬರೆಯೋದು ನಾನು.”

ಪೈಪಿನ ಜಾಡು ಹಿಡಿದು ಬೀದಿಯೇ ಅಗೆಯಿತು. ಮೇಷ್ಟ್ರ ಹೂವಿನ ಪಾತಿ ಹೋಯಿತು, ದರ್ಜಿಯ ಮೆಟ್ಟಿಲು ಹೋಯಿತು. ವರದಿಗಾರ್ತಿ ಬಂದು ಫೋಟೋ ತೆಗೆಯುತ್ತಲೇ ಇದ್ದಳು. ಕೊನೆಗೆ ಪೈಪು ಒಂದು ಗೋಡೆಯೊಳಗೆ ನುಗ್ಗಿತು. ಅದು ಯಾರ ಗೋಡೆಯೆಂದು ಯಾರಾದರೂ ತಲೆಯೆತ್ತಿ ನೋಡುವ ಮೊದಲೇ ದರ್ಜಿ ಹುರುಪಿನಲ್ಲಿ ಹಾರೆಯಿಂದ ಒಂದು ಏಟು ಕೊಟ್ಟ. ನೀರು ಚಿಮ್ಮಿತು.

ಮೇಲಿನ ಕಿಟಕಿ ತೆರೆಯಿತು. “ರೀ, ತಲೆಗೆ ಸೋಪು ಹಚ್ಕೊಂಡಿದೀನಿ, ನೀರು ನಿಂತ್ಹೋಯ್ತು! ಯಾರ್ರೀ ಅದು ಅಗೀತಿರೋದು?”

ಅದು ಸೇತುವೆ ಸಾರ್ ಹೆಂಡತಿಯ ದನಿ. ಬೀದಿಗೆ ಬೀದಿಯೇ ಅವರ ಮುಖ ನೋಡಿತು.

“ನಿಮಗೆ ಪ್ರಶಸ್ತಿ ಬಂದ ವಾರಾನೇ ಹಾಕಿದ್ದು ಸಾರ್,” ನೀರು ಬಿಡುವವನು ತಲೆ ಕೆರೆದುಕೊಂಡ. “ಅವರ ಮನೆ ನೀರು ನಿಂತ್ರೆ ನಮ್ಮ ಕತೆ ಮುಗೀತು ಅಂದ್ರು ಎಂಜಿನಿಯರ್ರು. ಈಗ ಬರೋದೇ ಕಮ್ಮಿ. ಬಂದಷ್ಟೂ ಮೊದಲು ನಿಮಗೇ.”

“ದೊಡ್ಡ ತೊಟ್ಟಿ!” ಎಂದರು ಮೇಷ್ಟ್ರು. ಅಷ್ಟೇ ಎಂದರು.

ಸಂಪಾದಕರು ಸುದ್ದಿ ಬರೆಯಲು ವರದಿಗಾರ್ತಿಗೆ ಹೇಳಿದರು. ಸಿಕ್ಕಿಬಿದ್ದವನೇ ಬರೆಯುವುದುಂಟೇ? ಸಂಜೆ ಅದು ತಿದ್ದುವುದಕ್ಕೆಂದು ಸೇತುವೆ ಸಾರ್ ಮೇಜಿಗೇ ಬಂತು. ಮುಖಪುಟದ ಸುದ್ದಿ, ಮೇಲೆ ಹುಡುಗಿಯ ಹೆಸರು. ಚೆನ್ನಾಗಿ ಬರೆದಿದ್ದಳು. ಅವರಿಗೆ ಹೊಟ್ಟೆಕಿಚ್ಚಾಯಿತು, ಸಂತೋಷವೂ ಆಯಿತು. ಒಂದು ಕಡೆ ಮಾತ್ರ ಕೈ ನಿಂತಿತು: ‘ಹಿರಿಯ ಪತ್ರಕರ್ತರೊಬ್ಬರ ಮನೆಗೆ’ ಎಂದಿತ್ತು.

“ಇದೇನಮ್ಮ? ಯಾರ ಮನೆ ಅಂತ ಬೇಡ್ವಾ?”

“ನೀವು ನನ್ನ ಗುರುಗಳು ಸಾರ್. ಹೇಗೆ ಬರೀಲಿ?” ಅವಳ ಕಣ್ಣು ತುಂಬಿತ್ತು.

ಸೇತುವೆ ಸಾರ್ ಕೆಂಪು ಪೆನ್ನು ತೆಗೆದು ಮೊದಲ ಎರಡು ಪದ ಹೊಡೆದುಹಾಕಿದರು. ಮೇಲೆ ತಮ್ಮ ಹೆಸರನ್ನು, ಇನಿಷಿಯಲ್ ಸಮೇತ, ದುಂಡಗೆ ಬರೆದರು. ಐದು ವರ್ಷದ ಮೇಲೆ ಮುಖಪುಟದಲ್ಲಿ ಬರುತ್ತಿರುವ ಹೆಸರು. ಅದನ್ನು ಎರಡೆರಡು ಸಲ ಓದಿಕೊಂಡರು.

ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. “ರೀ, ಬರ್ತಾ ಎಲ್ಲಾದ್ರೂ ಒಂದು ಬಕೆಟ್ ನೀರು ತಗೊಂಡು ಬನ್ನಿ. ಸೋಪು ಹಾಗೇ ಒಣಗಿದೆ.”