ಮು ಮತ್ತು ಮೀ ಟ್ಯಾಂಕುಗಳ ಸರಿಯಾದ ಬಳಕೆಯ ಬಗ್ಗೆ

ಸುತ್ತೋಲೆ ಸಂಖ್ಯೆ: ಇಂ.ನಿ./ಮು-ಮೀ/೧೭/೧೯೬೧-೬೨
ಶಿಬಿರ: ಹರಿಹರ
ದಿನಾಂಕ: ೨ನೇ ಜೂನ್ ೧೯೬೧

ವಿಷಯ: ಮನೆಯಲ್ಲೇ ಕಟ್ಟಿಕೊಂಡ ಹಗುರ ವಿಮಾನಗಳಲ್ಲಿ ಮುಖ್ಯ ಹಾಗೂ ಮೀಸಲು ಪೆಟ್ರೋಲಿನ ನಿರ್ವಹಣೆ, ಮತ್ತು ತತ್ಸಂಬಂಧವಾಗಿ ಅಕ್ಕಂದಿರ ಮನೆಯ ಮೇಲೆ ಸುತ್ತು ಹಾಕುವ ಕುರಿತು.

ಉಲ್ಲೇಖ: (ಅ) ಹರಿಹರದ ಹೊಳೆದಂಡೆಯ ನಿವಾಸಿಗಳು ಒಟ್ಟಿಗೇ ಮಾತನಾಡಿ ಕೊಟ್ಟ ಮೌಖಿಕ ವರ್ತಮಾನ.
(ಆ) ಈ ಕಚೇರಿಯ ಅಧೀಕ್ಷಕರ ಸ್ಥಳ ತನಿಖೆ.
(ಇ) ಇದೇ ವಿಷಯದ ಮೇಲಿನ ಹಿಂದಿನ ಸುತ್ತೋಲೆ. (ಹಾಗೆ ಯಾವುದೂ ಇಲ್ಲ.)

ಈ ಇಲಾಖೆಯ ವ್ಯಾಪ್ತಿಯಲ್ಲಿ ಮನೆಯಲ್ಲಿ ಕಟ್ಟಿದ ವಿಮಾನ ಒಂದೇ ಒಂದಿರುವುದರಿಂದಲೂ, ಆ ಒಂದೂ ಕಳೆದ ತಿಂಗಳು ತುಂಗಭದ್ರೆಯ ಮರಳಿನ ಮೇಲೆ ಇಳಿದಿರುವುದರಿಂದಲೂ, ನೂರಕ್ಕೆ ನೂರು ವಿಮಾನಗಳು ಹೊಳೆಯಲ್ಲಿ ಇಳಿಯುತ್ತಿವೆ ಎಂದು ವರದಿ ಮಾಡಬೇಕಾಗಿ ಬಂದಿದೆ. ಪರಿಸ್ಥಿತಿಯ ಗಾಂಭೀರ್ಯವನ್ನು ಮನಗಂಡು, ನಡೆದ ಸಂಗತಿಯನ್ನು ಮೊದಲಿನಿಂದ ನಿರೂಪಿಸಿ, ಅಲ್ಲಲ್ಲಿ ಪಾಲಿಸತಕ್ಕ ನಿಯಮಗಳನ್ನು ಕೆಳಕಂಡಂತೆ ವಿಧಿಸಲಾಗಿದೆ.

೧. ಶ್ರೀ ಉಜ್ಜನಪ್ಪನವರು ದಾವಣಗೆರೆ ಮಂಡಿಪೇಟೆಯ ಹತ್ತಿ ವ್ಯಾಪಾರಿಗಳು. ಸ್ವಭಾವ ಸೌಮ್ಯ, ಎದುರಿಗಿದ್ದವರು ಮಾತನಾಡುವಾಗಲೂ ಕಿವಿ ಯಾವುದಾದರೊಂದು ಇಂಜಿನಿನ ಕಡೆಗೇ. ಯುದ್ಧದ ಕಾಲದಲ್ಲಿ ಬೆಂಗಳೂರಿನ ವಿಮಾನ ರಿಪೇರಿ ಶೆಡ್ಡೊಂದರಲ್ಲಿ ಫಿಟ್ಟರಾಗಿದ್ದು, ಹಾರುವುದನ್ನೂ ಕಲಿತು ಬಂದವರು. ಊರಿಗೆ ಬಂದು ತಂದೆಯ ಮಂಡಿಯಲ್ಲಿ ಕುಳಿತರೂ ಆಕಾಶ ಅವರನ್ನು ಬಿಡಲಿಲ್ಲ. ಹತ್ತಿಯ ಗೋದಾಮಿನ ಹಿಂಭಾಗದಲ್ಲಿ, ಗುಜರಿಯಿಂದ ತಂದ ಮೋಟಾರು ಕಾರಿನ ಇಂಜಿನು, ಮಿಲ್ಲಿನ ಲಾಂಗ್‌ಕ್ಲಾತು, ವಾರ್ನಿಷು, ಮರ ಇವುಗಳಿಂದ ವರ್ಷಗಟ್ಟಲೆ ಒದ್ದಾಡಿ ಒಬ್ಬರು ಕೂರುವಂಥ ವಿಮಾನ ಕಟ್ಟಿದರು. ಮುಂದಿನ ಪಂಖಕ್ಕೆ ಮಾತ್ರ ಗಂಟಿಲ್ಲದ, ಹಳೆಯ, ಚೆನ್ನಾಗಿ ಒಣಗಿದ ತೇಗ ಬೇಕಾಗಿತ್ತು. ಯಾವ ಸಾಮಿಲ್ಲಿನ ಮರವೂ ಅವರಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವರ ಕಣ್ಣು ಪಡಸಾಲೆಯಲ್ಲಿ ತೂಗುತ್ತಿದ್ದ ಉಯ್ಯಾಲೆ ಹಲಗೆಯ ಮೇಲೆ ಬಿತ್ತು. ಅದು ಅವರ ತೀರಿಕೊಂಡ ತಾಯಿ ಮಧ್ಯಾಹ್ನದ ಹೊತ್ತು ಕೂರುತ್ತಿದ್ದ ಹಲಗೆ.

ಆದ್ದರಿಂದ, ಗೃಹೋಪಯೋಗಿ ಮರಮುಟ್ಟುಗಳನ್ನು ವಿಮಾನದ ಬಿಡಿಭಾಗಗಳಾಗಿ ಪರಿವರ್ತಿಸುವ ಮುನ್ನ, ಆ ಮನೆಯಿಂದ ಮದುವೆಯಾಗಿ ಹೋದ ಹೆಣ್ಣುಮಕ್ಕಳೆಲ್ಲರ ಒಪ್ಪಿಗೆ ಪಡೆಯತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

೨. ಒಪ್ಪಿಗೆ ಪಡೆಯದಿದ್ದುದರ ಪರಿಣಾಮ: ಉಜ್ಜನಪ್ಪನವರ ಅಕ್ಕ ಶ್ರೀಮತಿ ಉಮಾಮಹೇಶ್ವರಿಯವರನ್ನು ಹರಿಹರಕ್ಕೆ ಕೊಟ್ಟಿದೆ. ಆ ವರ್ಷ ಪಂಚಮಿಗೆ ತವರಿಗೆ ಬಂದವರು, ಪಡಸಾಲೆಯಲ್ಲಿ ಬರೀ ಸರಪಳಿಗಳು ನೇತಾಡುವುದನ್ನು ಕಂಡರು. ಗೋದಾಮಿಗೆ ಹೋಗಿ ನೋಡಿದರೆ ತಮ್ಮನು ಹಲಗೆಯನ್ನು ಅರ್ಧ ಕೆತ್ತಿ ಮುಗಿಸಿದ್ದ. ಕೈಚೀಲವನ್ನು ಬಿಚ್ಚದೆಯೇ, ಅಂದಿನ ಬಸ್ಸಿಗೇ ವಾಪಸಾದರು. ಅಲ್ಲಿಂದ ಮೂರು ಪಂಚಮಿ ಬಂದು ಹೋದವು, ಅಕ್ಕ ಬರಲಿಲ್ಲ, ಮಾತೂ ಆಡಲಿಲ್ಲ. ತಮ್ಮನಾದರೂ ಹೋಗಬಹುದಿತ್ತು. ವಿಮಾನ ಹಾರಿದ ಮೇಲೆ ಹೋದರಾಯಿತು, ಅದನ್ನು ನೋಡಿದರೆ ಅಕ್ಕನಿಗೆ ತಾನಾಗಿಯೇ ಅರ್ಥವಾದೀತು ಎಂದು ಅವರು ನಂಬಿಕೊಂಡಿದ್ದರು. ಇಂಜಿನುಗಳ ಸಹವಾಸದಿಂದ ಬರುವ ಇಂಥ ನಂಬಿಕೆಗಳನ್ನು ಇಲಾಖೆಯು ಅನುಮೋದಿಸುವುದಿಲ್ಲ.

೩. ಈಗ ಟ್ಯಾಂಕುಗಳ ವಿಚಾರ. ಇಂಜಿನಿನ ಹಿಂದೆ, ಚಾಲಕರ ಮೊಣಕಾಲಿನ ಮುಂದೆ ಇರುವುದು ಮುಖ್ಯ ಟ್ಯಾಂಕು. ಅದರ ಮುಚ್ಚಳದಿಂದ ಒಂದು ತಂತಿ ಮೇಲಕ್ಕೆ ನಿಂತಿರುತ್ತದೆ. ಒಳಗೆ ತೇಲುವ ಬೆಂಡಿನ ಜೊತೆ ಇದೂ ಇಳಿಯುತ್ತ ಬರುವುದರಿಂದ ಪೆಟ್ರೋಲು ಎಷ್ಟಿದೆಯೆಂದು ತಿಳಿಯುತ್ತದೆ. ತಲೆಯ ಮೇಲಿನ ರೆಕ್ಕೆಯೊಳಗೆ ಇರುವುದು ಮೀಸಲು ಟ್ಯಾಂಕು. ಇದು ಚಿಕ್ಕದು, ಹರಿಹರ ಮುಟ್ಟಿ ಸ್ವಲ್ಪ ಅಡ್ಡಾಡುವಷ್ಟು ಮಾತ್ರ ಹಿಡಿಯುತ್ತದೆ. ಮುಖ್ಯದಲ್ಲಿ ಹಾರತಕ್ಕದ್ದು, ಅದು ಮುಗಿದರೆ ಮೀಸಲಿಗೆ ತಿರುಗಿಸಿಕೊಂಡು ಕೂಡಲೇ ಇಳಿಯುವ ಜಾಗ ಹುಡುಕತಕ್ಕದ್ದು. ತಿರುಗಿಸಲು ಒಂದು ಹಿತ್ತಾಳೆಯ ಹಿಡಿಕೆಯಿದ್ದು, ಅದರ ಎಡಕ್ಕೆ ‘ಮು’ ಎಂತಲೂ ಬಲಕ್ಕೆ ‘ಮೀ’ ಎಂತಲೂ ಬಿಳಿ ಬಣ್ಣದಲ್ಲಿ ಬರೆಯಲಾಗಿತ್ತು. ಇಂಜಿನು ಅದುರುವಾಗ ಎರಡೂ ಒಂದೇ ಥರ ಕಾಣುತ್ತವೆ.

ಎರಡು ಟ್ಯಾಂಕುಗಳ ಹೆಸರು ಒಂದೇ ಅಕ್ಷರದಿಂದ ಆರಂಭವಾಗತಕ್ಕದ್ದಲ್ಲ. ಬದಲಿ ಹೆಸರು ಸೂಚಿಸಲು ನೇಮಿಸಿದ ಸಮಿತಿಯು ಮೊದಲು ‘ಪ್ರಧಾನ’ ಮತ್ತು ‘ಪರ್ಯಾಯ’ ಎಂದೂ, ಆಕ್ಷೇಪಣೆ ಬಂದ ಮೇಲೆ ‘ಅಸಲು’ ಮತ್ತು ‘ಅಧಿಕ’ ಎಂದೂ ಶಿಫಾರಸು ಮಾಡಿದೆ. ಸಮಿತಿಯ ಅವಧಿಯನ್ನು ವಿಸ್ತರಿಸಲಾಗಿದೆ.

೪. ಹಾರುವ ದಿನ ಬೆಳಿಗ್ಗೆ, ಊರಾಚೆ ಬೆಳೆ ತೆಗೆದ ಹೊಲದಲ್ಲಿ, ಮೀಸಲು ಟ್ಯಾಂಕಿನಿಂದ ಪೆಟ್ರೋಲು ಸರಿಯಾಗಿ ಬರುತ್ತದೆಯೇ ಎಂದು ನೋಡಲು ಉಜ್ಜನಪ್ಪನವರು ಹಿಡಿಕೆಯನ್ನು ‘ಮೀ’ಗೆ ತಿರುಗಿಸಿ ಇಂಜಿನು ಓಡಿಸಿದರು. ಬಂತು. ಇಂಜಿನನ್ನು ನಿಲ್ಲಿಸಿ, ಹಿಡಿಕೆಯನ್ನು ‘ಮು’ಗೆ ತಿರುಗಿಸಬೇಕು ಎನ್ನುವಷ್ಟರಲ್ಲಿ ಅವರ ಪತ್ನಿ ಶ್ರೀಮತಿ ಗುರುಶಾಂತಮ್ಮನವರು ಶೇಂಗಾ ಉಂಡೆಯ ಗಂಟು ಹಿಡಿದು ಬಂದರು. ಅಕ್ಕನ ಮಾಳಿಗೆಯ ಮೇಲೆ ಹಾರಿ, ಅಕ್ಕ ಹೊರಗೆ ಬಂದು ಕತ್ತೆತ್ತಿ ನೋಡಿದಾಗ ಗಂಟನ್ನು ಮೆಲ್ಲಗೆ ಬೀಳಿಸುವುದು ಎಂದು ಗಂಡ ಹೆಂಡತಿಯ ನಡುವೆ ಮಾತಾಗಿತ್ತು.

“ಅಕ್ಕ ಮಾತಾಡ್ಸಲಿಲ್ಲ ಅಂದ್ರೆ ನೀವೇ ಮಾತಾಡ್ಸ್ರಿ,” ಎಂದರು ಗುರುಶಾಂತಮ್ಮ.

“ಮ್ಯಾಲಿಂದ ಹೆಂಗೆ ಮಾತಾಡ್ಸಲಿ?”

“ಹಂಗಾದ್ರೆ ಬಸ್ಸಿಗೆ ಹೋಗ್ರಿ.”

ಉಜ್ಜನಪ್ಪನವರು ಗಂಟನ್ನು ಇಸಿದುಕೊಂಡು ಮತ್ತೆ ಇಂಜಿನು ಹಚ್ಚಿಸಿ ಹೊರಟೇಬಿಟ್ಟರು. ಹಿಡಿಕೆ ‘ಮೀ’ಯಲ್ಲೇ ಉಳಿಯಿತು. ಇನ್ನು ಮುಂದೆ ಹಿಡಿಕೆಯ ಮೇಲೆ ಚಾಲಕರ ಕೈ ಇರುವಾಗ ಧರ್ಮಪತ್ನಿಯರು ಸರಿಯಾದ ಮಾತು ಆಡತಕ್ಕದ್ದಲ್ಲ. ಆಡಲೇಬೇಕಿದ್ದಲ್ಲಿ ಚಾಲಕರು ಇಳಿದ ನಂತರ ಲಿಖಿತವಾಗಿ ಆಡತಕ್ಕದ್ದು.

೫. ಹರಿಹರದಲ್ಲಿ ಮೊದಲ ಸುತ್ತಿಗೇ ಊರಿಗೆ ಊರೇ ಮಾಳಿಗೆ ಹತ್ತಿತು. ಪಕ್ಕದ ಮನೆಯ ಭೀಮವ್ವ ಒಣಹಾಕಿದ್ದ ಸಂಡಿಗೆಯನ್ನು ಕಾಗೆಗಳಿಗೆ ಬಿಟ್ಟು ಆಕಾಶ ನೋಡುತ್ತ ನಿಂತರು. ಅಕ್ಕನ ಮಾಳಿಗೆಯ ಮೇಲೆ ಮಾತ್ರ ಒಗೆದ ಬಟ್ಟೆ ಬಿಟ್ಟರೆ ಯಾರೂ ಇರಲಿಲ್ಲ. ಕೇಳಿಸಿರಲಿಕ್ಕಿಲ್ಲ ಎಂದುಕೊಂಡು ಉಜ್ಜನಪ್ಪನವರು ಇನ್ನೊಂದು ಸುತ್ತು ಹಾಕಿದರು. ಸೀರೆ ಉಟ್ಟುಕೊಳ್ಳುತ್ತಿರಬೇಕು ಎಂದು ಮತ್ತೊಂದು. ಅಡಿಗೆಮನೆಯಿಂದ ಮೆಟ್ಟಿಲು ಹತ್ತಲು ಹೊತ್ತು ಹಿಡಿಯುತ್ತದೆ ಎಂದು ಮಗದೊಂದು. ಮುಂದಿನ ಸುತ್ತುಗಳಿಗೆ ಕಾರಣಗಳೂ ಮುಗಿದಿದ್ದವು. ಆದರೂ ಬಿಟ್ಟು ಹೋಗಲು ಮನಸ್ಸಾಗಲಿಲ್ಲ. ಒಂದು ಸಲ ಕತ್ತೆತ್ತಿದರೆ ಸಾಕು ಎಂದು ಕೆಳಗೇ ಇಣುಕುತ್ತಿದ್ದವರಿಗೆ, ಮೂಗಿನ ಮುಂದಿನ ತಂತಿ ಒಂದಿಷ್ಟೂ ಇಳಿದಿಲ್ಲವೆಂಬುದು ಕಾಣಲಿಲ್ಲ.

ಇದೇ ಸಮಯದಲ್ಲಿ ತಾವು ಎಲ್ಲಿದ್ದಿರಿ ಎಂದು ಕೇಳಲಾಗಿ ಉಮಾಮಹೇಶ್ವರಿಯವರು ಕೊಟ್ಟ ಹೇಳಿಕೆ: “ಒಲಿ ಮುಂದೆ ಇದ್ದೆ ನೋಡ್ರಿ. ಹೊರಗೆ ಬಂದ್ರೆ ಸೋತಂಗೆ ಆಗ್ತಿತ್ತು. ಆದ್ರೆ ಸದ್ದು ದೂರ ಹೋದಾಗೆಲ್ಲ ರೊಟ್ಟಿ ತಟ್ಟೋದು ನಿಲ್ಲಿಸ್ತಿದ್ದೆ, ಹೊಂಟೇ ಹೋದ್ನೇನೋ ಅಂತ.”

ಒಂದೇ ಮಾಳಿಗೆಯ ಮೇಲೆ ಎರಡಕ್ಕಿಂತ ಹೆಚ್ಚು ಸುತ್ತು ಹಾಕತಕ್ಕದ್ದಲ್ಲ. ಒಳಗಿರುವವರು ಎರಡನೇ ಸುತ್ತಿನೊಳಗೆ ಸೋಲತಕ್ಕದ್ದು.

೬. ಇಂಜಿನು ಕೆಮ್ಮಿ ನಿಂತಿತು. ಅಷ್ಟು ಎತ್ತರದಲ್ಲಿ ಅಷ್ಟು ಮೌನವನ್ನು ಉಜ್ಜನಪ್ಪನವರು ಎಂದೂ ಕೇಳಿರಲಿಲ್ಲ. ಹೊಳೆಯಲ್ಲಿ ಬಟ್ಟೆ ಬಡಿಯುವ ಸದ್ದು ಸ್ಪಷ್ಟವಾಗಿ ಮೇಲೆ ಬರುತ್ತಿತ್ತು. ಹಿಡಿಕೆ ನೋಡಿದರು. ‘ಮೀ’ಯಲ್ಲಿತ್ತು. ಯಾವಾಗಲೋ ತಾನೇ ತಿರುಗಿಸಿ ಮರೆತಿದ್ದೇನೆ, ಹಾಗಾದರೆ ಎರಡೂ ಖಾಲಿ ಎಂದುಕೊಂಡರು. ಕೈಯನ್ನು ಒಂದು ಗೇಣು ಎಡಕ್ಕೆ ಎಳೆದಿದ್ದರೆ ಸಾಕಿತ್ತು. ಎಳೆಯಲಿಲ್ಲ. ಬೇಸಿಗೆಯಾದ್ದರಿಂದ ಹೊಳೆ ಒಂದು ಬದಿಗೆ ಸರಿದು, ಇನ್ನೊಂದು ಬದಿಗೆ ಮರಳು ಉದ್ದಕ್ಕೂ ಬಿದ್ದುಕೊಂಡಿತ್ತು. ಅದರ ಕಡೆ ಮೂಗು ತಿರುಗಿಸಿ, ಬಟ್ಟೆ ಒಗೆಯುವವರು ದಿಕ್ಕಾಪಾಲಾಗಿ ಓಡುತ್ತಿರಲು ಇಳಿಸಿದರು. ಗಾಲಿಗಳು ಮರಳಿನಲ್ಲಿ ಹೂತು, ವಿಮಾನ ನೀರಿಗೆ ಸ್ವಲ್ಪ ಈಚೆ ನಿಂತಿತು.

ಒಲೆಯ ಮುಂದೆ ಇದ್ದವರಿಗೆ ಸದ್ದು ದೂರ ಹೋದದ್ದು ಕೇಳಲಿಲ್ಲ, ನಿಂತದ್ದು ಕೇಳಿತು. ಉಮಾಮಹೇಶ್ವರಿಯವರು ಹಿಟ್ಟಿನ ಕೈಯಲ್ಲೇ ಹೊಳೆಗೆ ಓಡಿದರು.

೭. ಜನರನ್ನು ಸರಿಸಿಕೊಂಡು ಬಂದ ಅವರು ಮೊದಲು ತಮ್ಮನ ಮುಖ ನೋಡಲಿಲ್ಲ. ಮೂಗಿನ ಮುಂದೆ ಹೋಗಿ, ಪಂಖವನ್ನು ಈ ತುದಿಯಿಂದ ಆ ತುದಿಯವರೆಗೆ ಹಿಟ್ಟಿನ ಕೈಯಿಂದ ತಡವಿ, ಎಲ್ಲೂ ಸೀಳಿಲ್ಲವೆಂದು ಖಾತ್ರಿ ಮಾಡಿಕೊಂಡರು.

“ಅವ್ವನ ಹಲಗಿಗೆ ಏನೂ ಆಗಿಲ್ಲ,” ಎಂದರು. ಆಮೇಲೆ, “ನಿನಗೆ?”

“ನನಗೂ ಏನೂ ಆಗಿಲ್ಲಕ್ಕ.”

“ಮತ್ಯಾಕ ಹೊಳಿಗೆ ಇಳಿಸ್ದಿ?”

“ಪೆಟ್ರೋಲ್ ಖಾಲಿ ಆತು.”

“ಹೊಟ್ಟೀನೂ ಖಾಲಿ ಇರ್ಬೇಕು. ಬಾ.”

ಉಜ್ಜನಪ್ಪನವರು ಉಂಡೆಯ ಗಂಟು ಎತ್ತಿಕೊಂಡು ಹಿಂದೆ ನಡೆದರು. ಮೂರು ವರ್ಷಗಳ ಮೇಲೆ ಆಡಿದ ಮೊದಲ ಮಾತುಗಳು ಇವೇ ಆಗಿದ್ದು, ವಿಷಯಾಂತರವಾಗಿದ್ದರೂ ದಾಖಲಿಸಲಾಗಿದೆ.

೮. ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ ಆದ ಮೇಲೆ ವಿಮಾನಕ್ಕೆ ಹಗ್ಗ ಕಟ್ಟಿ ಬರಲು ಹೋದಾಗ ಉಜ್ಜನಪ್ಪನವರಿಗೆ ತಂತಿ ಕಂಡಿತು. ನೆಟ್ಟಗೆ ನಿಂತಿತ್ತು. ಬೆರಳಿನಿಂದ ಒತ್ತಿದರು, ಇಳಿಯಿತು. ಬಿಟ್ಟರು, ಮತ್ತೆ ಮೇಲೆ ಬಂತು. ಮುಖ್ಯ ಟ್ಯಾಂಕು ಕಂಠಮಟ್ಟ ತುಂಬಿತ್ತು. ಸುತ್ತ ನೋಡಿ, ಏನೂ ಆಗದವರಂತೆ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ಭಾವ ಶ್ರೀ ಅಜ್ಜಪ್ಪನವರು, ದಾವಣಗೆರೆಗೆ ಬಸ್ಸಿನ ಕಂಡಕ್ಟರನ ಕೈಲಿ ಸುದ್ದಿ ಕಳಿಸಿದ್ದೇನೆ, ಈಗಲೇ ಪೆಟ್ರೋಲು ತರುತ್ತೇನೆ ಎಂದು ಚಪ್ಪಲಿ ಮೆಟ್ಟಿದಾಗ, “ಅವಸರ ಇಲ್ಲ ಭಾವ, ನಾಳೆ ನೋಡಾಣ,” ಎಂದರು.

ಸಂಜೆ ಅಕ್ಕನೇ ಮಾತು ತೆಗೆದರು. “ಅವ್ವನ ಹಲಗಿ ತಿರುಗುವಾಗ ಹೆಂಗೆ ಕಾಣ್ತೈತೆ?”

“ಕಾಣಂಗಿಲ್ಲಕ್ಕ. ಗಾಳಿ ಮಾತ್ರ ಬರ್ತೈತೆ.” ಉಂಡೆಯ ಗಂಟು ಬಿಚ್ಚುತ್ತ, “ಕೇಳಿ ತಗೋಬೇಕಿತ್ತು,” ಎಂದರು.

“ಕೊಡ್ತಿದ್ದೆನೋ ಇಲ್ಲೋ. ಕೇಳ್ಬೇಕಿತ್ತು.”

ಇಬ್ಬರೂ ಉಂಡೆ ತಿನ್ನುತ್ತ ಕುಳಿತರು. ಇರುವ ಪೆಟ್ರೋಲನ್ನು ಇಲ್ಲವೆಂದು ತೋರಿಸುವುದು ಶಿಸ್ತಿನ ಕ್ರಮಕ್ಕೆ ಅರ್ಹವಾಗಿದ್ದು, ಕ್ರಮ ಯಾವುದೆಂದು ಪ್ರತ್ಯೇಕವಾಗಿ ತಿಳಿಸಲಾಗುವುದು.

೯. ಮರುದಿನ ಬೆಳಿಗ್ಗೆ ಅಜ್ಜಪ್ಪನವರು ಡಬ್ಬಿ, ಲಾಳಿಕೆ ಸಮೇತ ಹೊಳೆಗೆ ಬಂದರು. ಸುದ್ದಿ ತಿಳಿದು ಬಸ್ಸಿಗೆ ಬಂದಿಳಿದಿದ್ದ ಗುರುಶಾಂತಮ್ಮನವರೂ, ಊರಿನ ಜನರೂ ಸುತ್ತ ನೆರೆದಿದ್ದರು. “ನಾನೇ ಹಾಕ್ತೀನಿ, ಕೊಡ್ರಿ ಭಾವ,” ಎಂದು ಉಜ್ಜನಪ್ಪನವರು ಕೈಚಾಚಿದರೂ, ಬೀಗರ ಸೇವೆಯಲ್ಲಿ ಹಿಂದೆ ಬೀಳದ ಅಜ್ಜಪ್ಪನವರು ತಂತಿಯ ಮುಚ್ಚಳ ಕಿತ್ತು ಸುರಿದೇಬಿಟ್ಟರು. ಪೆಟ್ರೋಲು ಲಾಳಿಕೆಯಲ್ಲಿ ಇಳಿಯಲೇ ಇಲ್ಲ. ಉಕ್ಕಿ, ವಾರ್ನಿಷಿನ ಮೇಲೆ ಹರಿದು, ಅಜ್ಜಪ್ಪನವರ ಪಂಚೆ ತೋಯಿಸಿ ಮರಳಿಗೆ ಸೇರಿತು.

“ಖಾಲಿ ಅಂದಿದ್ಯಲ್ಲೋ ಉಜ್ಜನಪ್ಪ!”

ಉಜ್ಜನಪ್ಪನವರು ನೆಲ ನೋಡುತ್ತ ಹೇಳಿದರು: “ನಿನ್ನೆ ಮಧ್ಯಾಹ್ನನೇ ಗೊತ್ತಾತಕ್ಕ. ಹೋಗಾಕ ಮನಸ್ಸಾಗಲಿಲ್ಲ.”

ಉಮಾಮಹೇಶ್ವರಿಯವರು ಗಂಡನ ಕೈಯಿಂದ ಡಬ್ಬಿ ತೆಗೆದು ಕೆಳಗಿಟ್ಟರು. “ಇರ್ತೀನಿ ಅನ್ನಾಕ ಪೆಟ್ರೋಲ್ ಯಾಕ ಖಾಲಿ ಆಗ್ಬೇಕು?” ಎಂದರು. ಹೇಳುವಾಗ ಗದರುವ ದನಿಯಿತ್ತು, ಮುಗಿಸುವಾಗ ಇರಲಿಲ್ಲ.

“ಬಸ್ಸಿಗೆ ಹೋಗ್ರಿ ಅಂದಿದ್ದೆ,” ಎಂದು ಗುರುಶಾಂತಮ್ಮನವರು ಸೇರಿಸಿದರು. ಕ್ರಮಾಂಕ ೪ರ ನಿಯಮ ಆಗಿನ್ನೂ ಜಾರಿಗೆ ಬಂದಿರಲಿಲ್ಲ.

೧೦. ಆ ಮಧ್ಯಾಹ್ನದ ಊಟವೂ ಅಲ್ಲೇ ಆಯಿತು. ಸಂಜೆ ಗಾಳಿ ತಂಪಾದ ಮೇಲೆ ಹತ್ತಾರು ಜನ ಸೇರಿ ವಿಮಾನವನ್ನು ಗಟ್ಟಿ ಮರಳಿಗೆ ತಳ್ಳಿದರು. ಇಂಜಿನು ಹಚ್ಚುವ ಮೊದಲು ಉಮಾಮಹೇಶ್ವರಿಯವರು ರೆಕ್ಕೆಯ ಕೆಳಗೆ ಬಗ್ಗಿ ಬಂದು, ಹಿಡಿಕೆ ಎಲ್ಲೈತೆ ಎಂದು ಕೇಳಿ, ತಮ್ಮನು ‘ಮು’ ಎಂದು ಗಟ್ಟಿಯಾಗಿ ಹೇಳಿದ ಮೇಲೆಯೇ ಹಿಂದೆ ಸರಿದರು. ಉಜ್ಜನಪ್ಪನವರು ಸುರಕ್ಷಿತವಾಗಿ ದಾವಣಗೆರೆ ಸೇರಿದರು. ಹಾರುವ ಮುನ್ನ ಅಕ್ಷರವನ್ನು ಮನೆಯ ಹಿರಿಯರೊಬ್ಬರಿಗೆ ಕೇಳುವಂತೆ ಓದಿ ಹೇಳತಕ್ಕದ್ದೆಂದು ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ. ಹಿರಿಯರು ಇಲ್ಲದವರು ಹಾರತಕ್ಕದ್ದಲ್ಲ.

೧೧. ಸದರಿ ತನಿಖೆಗಾಗಿ ಹರಿಹರಕ್ಕೆ ತೆರಳಿದ ಅಧೀಕ್ಷಕರು ಹೇಳಿಕೆಗಳನ್ನು ಪಡೆದು ಹೊರಡುವ ವೇಳೆಗೆ ಸರಿಯಾಗಿ ಊಟದ ಹೊತ್ತಾಗಿದ್ದು, ಇಲಾಖೆಯ ಜೀಪಿನಲ್ಲಿ ಪೆಟ್ರೋಲು ಮುಗಿದಿದ್ದರಿಂದ ಸಂಜೆಯವರೆಗೆ ಅಲ್ಲೇ ತಂಗಬೇಕಾಯಿತು. ಈ ವಿಳಂಬವನ್ನು ಕರ್ತವ್ಯದ ಅವಧಿಯೆಂದು ಪರಿಗಣಿಸಲಾಗಿದೆ.

(ಸಹಿ)
ಪಾಲಯ್ಯ
ಅಧೀಕ್ಷಕರು

ಪ್ರತಿಗಳು:
ಶ್ರೀ ಉಜ್ಜನಪ್ಪ, ಮಂಡಿಪೇಟೆ, ದಾವಣಗೆರೆ, ಅವರಿಗೆ ಪಾಲನೆಗಾಗಿ.
ಶ್ರೀಮತಿ ಗುರುಶಾಂತಮ್ಮ, ಅವರಿಗೆ ಉತ್ತರ ಕೊಡದಿರುವಂತೆ ಕೋರಿ.
ಶ್ರೀ ಅಜ್ಜಪ್ಪ, ಹರಿಹರ, ಅವರಿಗೆ. (ಪಂಚೆಯ ಬಗ್ಗೆ ಪ್ರತ್ಯೇಕವಾಗಿ ಬರೆಯುವುದು.)
ಶ್ರೀಮತಿ ಭೀಮವ್ವ ಅವರಿಗೆ ಮಾಹಿತಿಗಾಗಿ. ಸಂಡಿಗೆಯ ನಷ್ಟ ಇಲಾಖೆಯ ವ್ಯಾಪ್ತಿಗೆ ಬರುವುದಿಲ್ಲ.
ಶ್ರೀಮತಿ ಉಮಾಮಹೇಶ್ವರಿ, ಹರಿಹರ, ಅವರಿಗೆ ಕೃತಜ್ಞತೆಗಳೊಂದಿಗೆ.
ಶ್ರೀ ಮಾರಣ್ಣ, ಜೀಪು ಚಾಲಕರು, ಅವರಿಗೆ: ಅಂದು ಜೀಪಿನಲ್ಲಿ ಪೆಟ್ರೋಲು ಇತ್ತೆಂಬುದನ್ನು ಯಾರಿಗೂ ತಿಳಿಸತಕ್ಕದ್ದಲ್ಲ.